ಗೊಣಗಮ್ಮನ ಹಿಂಡಿ

ನಿಬಿಯಾ ಕೂದಲು ನೆಟ್ಟಗೆ ಮಾಡುವ ಹೆಂಗಸು ಎಂದೇ ನಾನು ಎರಡು ವರ್ಷ ನಂಬಿದ್ದೆ. ಉರುಗ್ವೆಯ ಪಿರಿಯಾಪೊಲಿಸ್‌ನ ನಮ್ಮ ಬೀದಿಯ ಎಲೆಕ್ಟ್ರಿಕ್ ಅಂಗಡಿಯಲ್ಲಿ ಆಕೆ ನನ್ನ ಕಣ್ಣೆದುರಿಗೇ ಐದು ಹೇರ್ ಸ್ಟ್ರೈಟ್ನರ್ ಕೊಂಡಿದ್ದಳು. ಆಕೆಯ ತಲೆಯಲ್ಲಿ ಇದ್ದದ್ದು ಬೆರಳುದ್ದದ ನರೆಗೂದಲು. ಹಾಗಾದರೆ ಇದು ಊರವರ ತಲೆಗೇ ಇರಬೇಕು ಎಂದು ಪತ್ತೇದಾರನ ಗತ್ತಿನಲ್ಲಿ ತೀರ್ಮಾನಿಸಿ, ಮದುವೆಗೆ ಹೊರಟಿದ್ದ ನನ್ನ ನಾದಿನಿಯನ್ನು ಆಕೆಯ ಮನೆಗೆ ಕಳಿಸಿಕೊಟ್ಟೆ.

ಒಂದು ಗಂಟೆಯ ಮೇಲೆ ನಾದಿನಿ ವಾಪಸು ಬಂದಳು. ಗುಂಗುರು ಕೂದಲು ಹೋಗುವಾಗ ಇದ್ದ ಹಾಗೇ ಇತ್ತು.

"ಭಾವ, ಅದು ಕೂದಲಿಗಲ್ವಂತೆ. ಗಾಂಜಾ ಹೂವು ಒತ್ತಿ ರಾಳ ತೆಗೆಯೋದಕ್ಕಂತೆ."

"ಮತ್ತೆ ಇಷ್ಟು ಹೊತ್ತು ಅಲ್ಲೇನು ಮಾಡ್ತಿದ್ದೆ?"

"ನಗ್ತಿದ್ವಿ. ನಿಮ್ಮ ಭಾವನನ್ನೇ ಕಳ್ಸು, ತಲೇಲಿ ಏನಾದ್ರೂ ಇದ್ರೆ ಒತ್ತಿ ತೆಗೀತೀನಿ ಅಂದ್ರು."

ನಿಬಿಯಾ ಊರಿನ ದೊಡ್ಡ ಹೋಟೆಲೊಂದರ ಬಟ್ಟೆಕೋಣೆಯಲ್ಲಿ ಮೂವತ್ತೊಂದು ವರ್ಷ ಇಸ್ತ್ರಿ ಮಾಡಿದವಳು. ಯಾವ ಬಟ್ಟೆಗೆ ಎಷ್ಟು ಶಾಖ ಎಂಬುದು ಅವಳ ಒದ್ದೆ ಬೆರಳಿಗೆ ಗೊತ್ತಿತ್ತು. ಇಸ್ತ್ರಿಗೆ ತಗುಲಿಸಿ ಎಳೆದುಕೊಂಡಾಗ ಬರುವ ಚುಂಯ್ ಸದ್ದು ಉದ್ದವೋ ಗಿಡ್ಡವೋ ಎಂದು ಕೇಳಿ ಹೇಳಿಬಿಡುತ್ತಿದ್ದಳು. ದಿಂಬಿನ ಚೀಲಗಳ ಮೂಲೆಯಲ್ಲಿ ಹೋಟೆಲಿನ ಹೆಸರನ್ನು ಕಸೂತಿ ಹಾಕುವುದೂ ಅವಳದೇ ಕೆಲಸ. ಗಂಡ ಒರೊಸ್ಮಾನ್ ಅದೇ ಹೋಟೆಲಿನ ತೋಟಗಾರ. ಮಾಲೀಕರ ಹೆಂಡತಿ, ಮಗಳು, ಕೊನೆಗೆ ನಾಯಿಯ ಹೆಸರಿನಲ್ಲೂ ಗುಲಾಬಿ ಬೆಳೆಸಿ ಸಾಕಾಗಿದ್ದ ಮನುಷ್ಯ ನಿವೃತ್ತನಾದ ಮೇಲೆ ಹಿತ್ತಲಿನಲ್ಲಿ, ಉರುಗ್ವೆಯ ಕಾನೂನು ಒಪ್ಪುವ ಆರೇ ಆರು ಗಾಂಜಾ ಗಿಡ ಹಾಕಿಕೊಂಡ. ಏಳು ವರ್ಷ ಬೀಜಕ್ಕೆ ಬೀಜ ಕೂಡಿಸಿ ಒಂದು ತಳಿ ತೆಗೆದ. ಹೂವು ಹಿಸುಕಿದರೆ ಕಿತ್ತಳೆ ಸಿಪ್ಪೆ ಸುಟ್ಟ ವಾಸನೆ. ಸಮುದ್ರದ ಗಾಳಿ ಬೀಸಿದರೆ ಎಲೆಗಳು ಬಿಡುವಿಲ್ಲದೆ ಪಿರಿಪಿರಿ ಎನ್ನುತ್ತಿದ್ದವು.

"ಥೇಟ್ ನಿನ್ನ ಹಾಗೇ ಕಣೆ," ಎಂದು ಒರೊಸ್ಮಾನ್ ಅದಕ್ಕೆ ರೆಸೊಂಗೋನಾ ಎಂದು ಹೆಸರಿಟ್ಟ. ನಮ್ಮ ಮಾತಿನಲ್ಲಿ ಗೊಣಗಮ್ಮ ಅನ್ನಿ. ನಿಬಿಯಾ ಆ ಇಡೀ ದಿನ ಅದರ ಮೇಲೆ ಗೊಣಗಿದಳು. ಆದರೆ ಮೂವತ್ತೊಂದು ವರ್ಷದಲ್ಲಿ ನಾಯಿಗೂ ಸಿಕ್ಕ ಗೌರವ ತನಗೆ ಈಗ ಸಿಕ್ಕಿತು ಎಂಬ ಸಮಾಧಾನ ಅವಳಿಗಿತ್ತು.

ಹೂವು ಬೆಳೆಯುವುದು ಅವನ ಪಾಲು, ಒತ್ತುವುದು ಇವಳ ಪಾಲು. ಚಿಟಿಕೆ ಹೂವಾದರೆ ಬಟರ್ ಪೇಪರಿನಲ್ಲಿ ಮಡಚಿ ಸ್ಟ್ರೈಟ್ನರಿನಲ್ಲಿ ಹಿಡಿದರೆ ಸಾಕು. ಅವಳ ಹಿಡಿತಕ್ಕೆ ಸ್ಟ್ರೈಟ್ನರುಗಳು ವರ್ಷಕ್ಕೆರಡು ಮುರಿಯುತ್ತಿದ್ದವು, ಅಷ್ಟೆ. ಹೆಚ್ಚು ಹೂವಿಗೆ ಒರೊಸ್ಮಾನ್ ಒಂದು ಯಂತ್ರ ಮಾಡಿಕೊಟ್ಟಿದ್ದ: ಹೋಟೆಲಿನವರು ಬಿಸಾಡಿದ ಎರಡು ಇಸ್ತ್ರಿಪೆಟ್ಟಿಗೆಗಳು ಮುಖಾಮುಖಿ, ಕೆಳಗೊಂದು ಲಾರಿ ಜಾಕ್. ತೆಳು ಜಾಳಿಗೆ ಬಟ್ಟೆಯ ಚೀಲದಲ್ಲಿ ಹೂವು ತುಂಬಿ ನಡುವೆ ಇಟ್ಟು ಜಾಕ್ ಏರಿಸಿದರೆ, ಜೇನಿನ ಬಣ್ಣದ ರಾಳ ಕಾಗದದ ಮೇಲೆ ಇಳಿಯುತ್ತಿತ್ತು. ಚೀಲದೊಳಗೆ ಉಳಿಯುವುದು ಗಾಣದ ಹಿಂಡಿಯಂಥ ಗಟ್ಟಿ ಬಿಲ್ಲೆ.

ಇನ್ನು ಪಕ್ಕದ ಮನೆಯ ಹೆಬರ್ ಪಿರಿಸ್. ನೋಟರಿ ಕಚೇರಿಯ ನಿವೃತ್ತ ಗುಮಾಸ್ತ, ಇಪ್ಪತ್ತಮೂರು ಸದಸ್ಯರ ಮನೆಬೆಳೆಗಾರರ ಸಂಘಕ್ಕೆ ಅಧ್ಯಕ್ಷ. ಇಪ್ಪತ್ತಮೂರು ಜನರಿಗೆ ಎರಡು ರಬ್ಬರ್ ಸೀಲು ಮಾಡಿಸಿದ್ದ. ಒಂದು ಮಾಮೂಲಿ ಪತ್ರಕ್ಕೆ, ಇನ್ನೊಂದು ಗಂಭೀರ ಪತ್ರಕ್ಕೆ.

ಒರೊಸ್ಮಾನ್ ಮಾಲ್ದೊನಾದೊ ಆಸ್ಪತ್ರೆಯಲ್ಲಿ ಮಲಗಿದ ನಲವತ್ತು ದಿನ ನಿಬಿಯಾ ಅವನ ಮಂಚದ ಪಕ್ಕದ ಕುರ್ಚಿಯಲ್ಲೇ ಇದ್ದಳು. "ಗಿಡದ ಚಿಂತೆ ಬಿಡಿ, ಅಧ್ಯಕ್ಷನಾಗಿ ಅದು ನನ್ನ ಹೊಣೆ," ಎಂದು ಹೆಬರ್ ಹಿತ್ತಲಿನ ಬೀಗದ ಕೈ ಇಸಕೊಂಡ. ಗಂಡನನ್ನು ಮಣ್ಣು ಮಾಡಿ ಬಂದು ನೋಡಿದರೆ ಹಿತ್ತಲಲ್ಲಿ ಆರು ಒಣ ಕಡ್ಡಿ. "ಬೂಷ್ಟು ಹಿಡೀತು, ಏನ್ ಮಾಡೋಕಾಗುತ್ತೆ," ಎಂದು ಹೆಬರ್ ಅವಳ ಹೆಗಲು ತಟ್ಟಿದ. ಬೂಷ್ಟೂ ಹಿಡಿದಿರಲಿಲ್ಲ, ಎಂತದೂ ಇಲ್ಲ. ಮಣ್ಣು ಬಿರುಕು ಬಿಟ್ಟಿತ್ತು.

ಮರುವರ್ಷ ಮಾರ್ಚಿನಲ್ಲಿ, ಹೂವು ಬಲಿಯುವ ಕಾಲಕ್ಕೆ, ನಿಬಿಯಾ ಬಟ್ಟೆ ಒಣಹಾಕುತ್ತಿದ್ದಾಗ ಗೋಡೆಯ ಆಚೆಯಿಂದ ಕಿತ್ತಳೆ ಸಿಪ್ಪೆಯ ವಾಸನೆ ಬಂತು. ಸ್ಟೂಲು ಹತ್ತಿ ಇಣುಕಿದಳು. ಗೊಣಗಮ್ಮ ಅಲ್ಲಿ ಆಳೆತ್ತರ ನಿಂತು ಪಿರಿಪಿರಿ ಎನ್ನುತ್ತಿದ್ದಳು. ಬುಡದಲ್ಲಿ ಬಣ್ಣದ ಹಲಗೆ: ಅಧ್ಯಕ್ಷರ ಕಿರೀಟ. ತಳಿಗಾರ: ಹೆಬರ್ ಪಿರಿಸ್.

ಸಂಘದ ಪುಸ್ತಕದಲ್ಲೂ ಹಾಗೇ ಬರೆದು ಗಂಭೀರ ಸೀಲು ಒತ್ತಿಯಾಗಿತ್ತು. ನಿಬಿಯಾ ಕೇಳಲು ಹೋದಳು.

"ಅದು ಒರೊಸ್ಮಾನನ ಗಿಡ. ವಾಸನೆ ನಂಗೊತ್ತು."

"ವಾಸನೆ ದಾಖಲೆ ಆಗಲ್ಲ, ದೋನ್ಯಾ ನಿಬಿಯಾ," ಹೆಬರ್ ಕನ್ನಡಕ ಒರೆಸಿಕೊಂಡ. "ಬರಹದಲ್ಲಿ ಏನಾದ್ರೂ ಇದೆಯಾ?"

"ಇಲ್ಲ."

"ನೋಡಿ ಮತ್ತೆ. ಬರಹ ಇರಬೇಕು."

ಆಗಲಿ, ಬರಹ ಕೊಡೋಣ ಎಂದುಕೊಂಡು ನಿಬಿಯಾ ಮನೆಗೆ ಬಂದಳು. ಗೊಣಗಲೂ ಇಲ್ಲ. ಅವಳನ್ನು ಬಲ್ಲವರು ಅಲ್ಲೇ ಹುಷಾರಾಗಬೇಕಿತ್ತು.

ಹೆಬರನಿಗೆ ಒಂದು ಕಷ್ಟವಿತ್ತು. ಗಿಡ ಕದಿಯಬಹುದು, ಕೈ ಕದಿಯುವುದು ಹೇಗೆ? ಅವನು ಒತ್ತಿದ ರಾಳ ರಸ್ತೆಗೆ ಹಾಕುವ ಟಾರಿನ ಹಾಗೆ ಕಪ್ಪಗಾಗುತ್ತಿತ್ತು. ಜೂನಿನಲ್ಲಿ ರಾಳ ಒತ್ತುವವರ ಕರಾವಳಿ ಕಪ್ ಸ್ಪರ್ಧೆ ಬೇರೆ. ಕೊನೆಗೆ ಬಗಲಲ್ಲಿ ಫ್ಲಾಸ್ಕು, ಕೈಯಲ್ಲಿ ಮಾಟೆ ಕಷಾಯದ ಬಟ್ಟಲು ಹಿಡಿದು ಅವಳ ಬಾಗಿಲಿಗೇ ಬಂದ: "ನಿಮಗೂ ಹೊತ್ತು ಹೋಗ್ಬೇಕಲ್ವಾ ಪಾಪ." ನಿಬಿಯಾ ಒಪ್ಪಿದಳು. ಆ ವರ್ಷ ಅವನೇ ಗೆದ್ದ. ವೇದಿಕೆಯ ಮೇಲೆ ಇಪ್ಪತ್ತು ನಿಮಿಷ ತನ್ನ ಏಳು ವರ್ಷಗಳ ತಪಸ್ಸಿನ ಬಗ್ಗೆ ಮಾತಾಡಿದ. ಹಿಂದಿನ ಸಾಲಿನಲ್ಲಿದ್ದ ನಿಬಿಯಾಳನ್ನು ತೋರಿಸಿ ಅವಳು ಯಾರೆಂದು ಯಾರೋ ಕೇಳಿದ್ದಕ್ಕೆ, "ಇಸ್ತ್ರಿಯವಳು," ಎಂದ.

ಅಂದು ನಿಬಿಯಾ ಚಪ್ಪಾಳೆ ತಟ್ಟುತ್ತಲೇ ಎರಡು ಸಂಗತಿ ಕಂಡುಕೊಂಡಳು. ಒಂದು, ಅರ್ಜಿಯಲ್ಲಿ 'ಸ್ವಂತ ಕೈಯಿಂದ ಒತ್ತಿದ್ದು' ಎಂದು ಬರೆದು ಸಹಿ ಹಾಕಬೇಕು. ಇನ್ನೊಂದು, ಕೊಂಡು ತಂದ ರಾಳ ಯಾರೂ ತೋರಿಸಬಾರದೆಂದು, ಒತ್ತಿದ ಚೀಲವನ್ನೂ ತಂದು ಎಲ್ಲರೆದುರಿಗೆ ಹರಿದು ಹಿಂಡಿ ತೋರಿಸಬೇಕು.

ಮುಂದಿನ ವರ್ಷದ ಕಪ್ ಸ್ಪರ್ಧೆಗೆ ಹೆಬರ್ ಹೂವು ತಂದಾಗ ಅವಳ ಬಳಿ ಚೀಲ ಸಿದ್ಧವಿತ್ತು. ಒಂದರೊಳಗೊಂದು ಎರಡು ಚೀಲ. ಪುಡಿ ಸೋರದಿರಲು ಹಾಗೆ ಮಾಡುವುದುಂಟು. ಒಳಗಿನ ಚೀಲದ ಮೇಲೆ ದಪ್ಪ ದಾರದಲ್ಲಿ ಮೂರು ಸಂಜೆ ಕೂತು ಕಸೂತಿ ಹಾಕಿದ್ದಳು. ಕಸೂತಿಯ ಅಕ್ಷರ ಬಟ್ಟೆಯ ಹಿಂಬದಿಯಲ್ಲಿ ತಿರುವುಮುರುವಾಗಿ ಮೂಡುತ್ತದೆ ಎಂಬುದನ್ನು ಅವಳು ಸಾವಿರಾರು ದಿಂಬುಗಳ ಹಿಂದೆ ನೋಡಿದ್ದಳು. ತಿರುವುಮುರುವಾದದ್ದು ಹಿಂಡಿಗೆ ಒತ್ತಿದರೆ ನೆಟ್ಟಗೆ ಬೀಳುತ್ತದೆ.

ಹೆಬರ್ ಮಾಟೆ ಹೀರುತ್ತ ಪಕ್ಕದಲ್ಲೇ ನಿಂತ.

"ನೂರಿಪ್ಪತ್ತು ಡಿಗ್ರಿ ಇಡಿ. ನಾನು ಓದಿದೀನಿ."

"ಓದಿದವರೇ ಒತ್ತಿ ಹಾಗಾದ್ರೆ."

"ಅಲ್ಲಲ್ಲ, ಸುಮ್ನೆ ಒಂದು ಮಾತು..."

"ನೀವು ಭಾಷಣ ಬರ್ಕೊಳ್ಳಿ ದೋನ್ ಹೆಬರ್. ಅದನ್ನ ನಾನು ಮಾಡೋಕಾಗಲ್ಲ."

ಅವಳು ಬೆರಳು ಒದ್ದೆ ಮಾಡಿ ಇಸ್ತ್ರಿಗೆ ತಗುಲಿಸಿ, ಸದ್ದು ಕೇಳಿ, ಜಾಕ್ ಏರಿಸಿದಳು. ಮಾಮೂಲಿಗಿಂತ ಎರಡು ಸುತ್ತು ಹೆಚ್ಚು. ಗೊಣಗಮ್ಮ ಬಂಗಾರದ ಹಾಗೆ ಕಾಗದಕ್ಕೆ ಇಳಿದಳು. ಚೀಲವನ್ನು ಕಾಗದದಲ್ಲಿ ಸುತ್ತಿ ದಾರ ಕಟ್ಟಿ ಕೊಟ್ಟಳು. ಗಂಟಿನ ಮೇಲೆ ಹೆಬರ್ ಗಂಭೀರ ಸೀಲು ಒತ್ತಿಕೊಂಡ.

ಕಪ್ ಸ್ಪರ್ಧೆಯ ಭಾನುವಾರ ಮಧ್ಯಾಹ್ನ ಬೋಚೆ ಎಂಬ ಗುಂಡಿನಾಟ ಆಡುವ ಕ್ಲಬ್ಬಿನ ಹಾಲ್ ತುಂಬಿತ್ತು. ಹೊರಗೆ ಕೆಂಡದ ಮೇಲೆ ಪಕ್ಕೆಲುಬು ಬೇಯುತ್ತಿತ್ತು, ಒಳಗೆ ನೂರಿಪ್ಪತ್ತು ಜನ. ನಿಬಿಯಾ ಈ ಸಲ ಮುಂದಿನ ಸಾಲಿನಲ್ಲಿ, ಗಂಡನ ಮಣ್ಣಿಗೆ ತೊಟ್ಟಿದ್ದ ಕಪ್ಪು ಕೋಟು ಹಾಕಿಕೊಂಡು ಕೂತಳು. ಹಿರಿಯ ತೀರ್ಪುಗಾರ ಅಬಯುಬಾ, ರೊಚಾ ಕಡೆಯ ಮೀನುಗಾರ. ಅಲೆಯ ಸದ್ದಿನ ಮೇಲೆ ಕೂಗಿ ಕೂಗಿ ಪಿಸುಮಾತು ಮರೆತವನು. ಹೆಬರ್ ಹೆಗಲ ಮೇಲಿನ ಪೊಂಚೊ ಹೊದಿಕೆ ಸರಿಮಾಡಿಕೊಂಡು ಎದ್ದ.

"ಅಧ್ಯಕ್ಷರ ಕಿರೀಟ! ನಾನೇ ಬೆಳೆದದ್ದು, ನನ್ನ ಈ ಎರಡು ಕೈಗಳೇ ಒತ್ತಿದ್ದು," ಎಂದು ಎರಡೂ ಕೈ ತೋರಿಸಿ, ಚೀಲ ಹರಿದು ಬಿಲ್ಲೆಯನ್ನು ಅಬಯುಬಾನ ಮುಂದಿಟ್ಟ.

ಅಬಯುಬಾ ಅದನ್ನು ಎತ್ತಿ ಮೂಸಿದ, ಬೆಳಕಿಗೆ ಹಿಡಿದ, ಕನ್ನಡಕ ಏರಿಸಿಕೊಂಡ.

"ಇದರಲ್ಲೇನೋ ಬರ್ದಿದೆಯಲ್ರೀ. ರೆ-ಸೊಂ-ಗೋ-ನಾ. ಒರೊಸ್ಮಾನನ ರೆಸೊಂಗೋನಾ." ಅವನ ಪಿಸುಮಾತು ಹೊರಗಿನ ಕೆಂಡದವರೆಗೆ ಕೇಳಿಸಿತು. "ಯಾರು, ಹೋಟೆಲ್ ತೋಟದ ಒರೊಸ್ಮಾನಾ?"

ಹೆಬರನ ಮುಖ ಒಮ್ಮೆ ಕೆಂಪಾಗಿ ಆಮೇಲೆ ಬಿಳಿಯಾಯಿತು. ಬರೆದವಳು ನಿಬಿಯಾ ಎಂದರೆ ಒತ್ತಿದವಳೂ ಅವಳೇ ಎಂದಾಗುತ್ತದೆ; ಕಪ್ ಹೋಯಿತು. ತಾನೇ ಒತ್ತಿದ್ದು ಎಂದರೆ ಬರೆದವನೂ ತಾನೇ, ತಳಿಗಾರನೆಂಬ ಹೆಸರು ಹೋಯಿತು. ಅಷ್ಟು ವರ್ಷ ದಾಖಲೆ ನೋಡಿದ ತಲೆ ಮೂರೇ ಕ್ಷಣದಲ್ಲಿ ಲೆಕ್ಕ ಹಾಕಿತು.

"ಹೌದು... ನಾನೇ ಬರೆದದ್ದು. ದಿವಂಗತ ಮಿತ್ರನ ಗೌರವಕ್ಕೆ. ತಳಿ ಮೂಲತಃ ಅವನದೇ."

"ಹಾಗಂತ ಪುಸ್ತಕದಲ್ಲಿ ಬರ್ಕೊಳ್ಳಲಾ?"

"ಬರ್ಕೊಳ್ಳಿ."

ಅಬಯುಬಾ ಬರೆದುಕೊಂಡ. ಹೆಬರನ ಕೈಯಿಂದಲೇ ಸಹಿ ಹಾಕಿಸಿಕೊಂಡ. ಇಷ್ಟಕ್ಕೇ ಬಿಟ್ಟಿದ್ದರೆ ನಿಬಿಯಾಳನ್ನು ಒಳ್ಳೆಯ ಹೆಂಗಸು ಅನ್ನಬಹುದಿತ್ತು. ಶಾಯಿ ಆರುವವರೆಗೆ ಕಾದು ಅವಳು ಎದ್ದು ನಿಂತಳು.

"ಅಕ್ಷರ ಬಲು ಚೆನ್ನಾಗಿ ಬಂದಿದೆ ದೋನ್ ಹೆಬರ್. ಯಾವ ಹೊಲಿಗೆ ಅದು? ಸರಪಳಿ ಹೊಲಿಗೆನಾ, ಕಾಂಡದ ಹೊಲಿಗೆನಾ?"

ಹಾಲ್ ಪೂರ್ತಿ ಹೆಬರನ ಕಡೆ ತಿರುಗಿತು.

"ಅದು... ಗಟ್ಟಿ ಹೊಲಿಗೆ," ಎಂದ ಅಧ್ಯಕ್ಷ.

ಮೊದಲು ನಕ್ಕವರು ಹಿಂದಿನ ಸಾಲಿನ ಹೆಂಗಸರು. ನಿಬಿಯಾ ಕೈಚೀಲದಿಂದ ಸೂಜಿ, ದಾರ, ಜಾಳಿಗೆ ಬಟ್ಟೆ ತೆಗೆದು ಅವನ ಮುಂದಿಟ್ಟು, "ಒಂದಕ್ಷರ ಹಾಕಿ ತೋರ್ಸಿ, ನಾವೂ ಕಲೀತೀವಿ," ಎಂದಳು. ಹೆಬರ್ ಸೂಜಿಗೆ ದಾರ ಪೋಣಿಸಲು ನೋಡಿದ. ದಾರದ ತುದಿಯನ್ನು ಮೂರು ಸಲ ನೆಕ್ಕಿದ. ಯಾರೂ ಅವನ ಸಹಾಯಕ್ಕೆ ಹೋಗಲಿಲ್ಲ, ಅಬಯುಬಾ ಕೂಡ; ನಾಲ್ಕು ನಿಮಿಷ ಸುಮ್ಮನೆ ನೋಡಿ, ಆಮೇಲೆ ಅವನ ಅರ್ಜಿಗೆ ಅಡ್ಡಗೆರೆ ಎಳೆದ.

ಕಪ್ ರೊಚಾದ ಒಬ್ಬ ಮುದುಕಿಯ ಪಾಲಾಯಿತು. ಹೆಬರ್ ಅಧ್ಯಕ್ಷಗಿರಿ ಬಿಟ್ಟ. ಸೀಲು ಎರಡನ್ನೂ ಬಿಡಲಿಲ್ಲ. ಮರುವಾರ ಸಂಘದವರು ಬಂದು ಅವನ ಹಿತ್ತಲಿನಿಂದ ಗೊಣಗಮ್ಮನ ಆರು ಕಡ್ಡಿ ತಂದು ನಿಬಿಯಾಳ ಹಿತ್ತಲಲ್ಲಿ ನೆಟ್ಟುಕೊಟ್ಟರು. ಹಿಂಡಿಯ ಬಿಲ್ಲೆ ಈಗ ಅವಳ ಅಡುಗೆಮನೆಯ ಗೋಡೆಯಲ್ಲಿ, ಒರೊಸ್ಮಾನನ ಫೋಟೋದ ಕೆಳಗೆ, ಗಾಜು ಹಾಕಿಸಿಕೊಂಡು ಕೂತಿದೆ.

ಮೊನ್ನೆ ಹೋದಾಗ ಅವಳು ಆರನೆಯ ಸ್ಟ್ರೈಟ್ನರಿನಲ್ಲಿ ಚಿಟಿಕೆ ಹೂವು ಒತ್ತುತ್ತಿದ್ದಳು. ಆಚೆ ಕಡೆ ಹೆಬರ್ ಗೋಡೆಗೆ ಬೆನ್ನು ಹಾಕಿ ಟೊಮೇಟೊಗೆ ನೀರು ಬಿಡುತ್ತಿದ್ದ. ಬರೆಯುವವನು ಇಂಥ ಹೊತ್ತಿನಲ್ಲಿ ದೊಡ್ಡ ಪ್ರಶ್ನೆಯೊಂದನ್ನು ಕೇಳಬೇಕು ಎಂಬ ಭ್ರಮೆ ನನಗೆ.

"ದೋನ್ಯಾ ನಿಬಿಯಾ, ಇಷ್ಟೆಲ್ಲ ಆಯ್ತಲ್ಲ, ಈಗ ಅವರನ್ನ ಕ್ಷಮಿಸಿಬಿಟ್ರಾ?"

ಅವಳು ಕಾಗದ ಬಿಡಿಸಿ ರಾಳದ ಬಣ್ಣ ನೋಡುತ್ತ ಹೇಳಿದಳು:

"ಯಾಕೆ, ಸತ್ತೋದ್ನಾ?"