ಮುಂಬಯಿಯಲ್ಲಿ ಎಂಟು ದಿನದ ಮನೆ

ಪರವೂರಿಗೆ ಹೋದಾಗ ಹೋಟೆಲ್ ಬೇಡ, ಒಂದು ಮನೆಯನ್ನೇ ಬಾಡಿಗೆಗೆ ಹಿಡಿಯೋಣ, ನಮ್ಮ ಮನೆಯಲ್ಲಿದ್ದ ಹಾಗೇ ಇರುತ್ತದೆ ಎಂದು ಯಾರಾದರೂ ಗಂಡಸರು ಅಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ನಮ್ಮ ಮನೆಯಲ್ಲಿದ್ದ ಹಾಗೆ ಇರಬೇಕಾದರೆ ಮನೆಯಲ್ಲೇ ಇರಬಹುದಲ್ಲ! ಈ ಸಿಟ್ಟು ನನಗೆ ಅಂಟಿಕೊಂಡದ್ದು ಹನ್ನೊಂದನೆಯ ವಯಸ್ಸಿನಲ್ಲಿ, ಉಮರ್ಗಾದಿಂದ ಮುಂಬಯಿಗೆ ಹೋಗಿ ಎಂಟು ದಿನ ಇದ್ದಾಗ.

ಪೊಲೀಸ್ ಆ್ಯಕ್ಷನ್ ಆಗಿ ಎರಡು ಮೂರು ವರ್ಷವಾಗಿತ್ತು. ನಾವಿನ್ನೂ ಹೈದರಾಬಾದ್ ರಾಜ್ಯದವರೇ. ಸೊಲ್ಲಾಪುರದ ದಾರಿಯ ಸುಂಕದ ನಾಕಾ ದಾಟಿದರೆ ಬೇರೆ ಸರಕಾರ, ಬೇರೆ ನಾಣ್ಯ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಆ ಕಡೆಗೆಲ್ಲ ಪರಮುಲ್ಕು ಎನ್ನುತ್ತಿದ್ದಳು. ಪೇಟೆಯಲ್ಲಿ ನಮ್ಮದು ಅರಿವೆ ಅಂಗಡಿ. ಅಪ್ಪ ವರ್ಷಕ್ಕೊಮ್ಮೆ ಮುಂಬಯಿಗೆ ಹೋಗಿ ಸೀರೆ, ಧೋತರ ತರುತ್ತಿದ್ದ. ಅಲ್ಲಿ ಲಾಡ್ಜಿನಲ್ಲಿದ್ದು, ಲಿಂಗಪೂಜೆಗೆ ಸರಿಯಾದ ಜಾಗವಿಲ್ಲವೆಂದು ಗೊಣಗಿ, ಮನೆಯಿಂದ ಒಯ್ದ ಚುರಮುರಿ ಮುಗಿದ ಮೇಲೆ ಬಾಳೆಹಣ್ಣು ತಿಂದು, ಕೆನ್ನೆ ಒಳಗೆ ಹಾಕಿಕೊಂಡು ಬರುತ್ತಿದ್ದ.

ಅವ್ವನಿಗೆ ಮುಂಬಯಿಯಲ್ಲಿ ಬೇಕಾದದ್ದು ಒಂದೇ, ಸಮುದ್ರ. ಅವಳ ತವರು ನಿಲಂಗಾ. ಅವಳು ಕಂಡ ದೊಡ್ಡ ನೀರೆಂದರೆ ತವರಿನ ಹೊಲದ ಬಾವಿ ಮತ್ತು ಮಳೆಗಾಲದ ಹಳ್ಳ. ಹೊಸ ಸರಕಾರ ಬಂದ ಮೇಲೆ ನಮ್ಮ ಓಣಿಗೆ ಕೊಂಕಣದ ಕಡೆಯ ಒಬ್ಬ ಗುಮಾಸ್ತ ವರ್ಗವಾಗಿ ಬಂದಿದ್ದ. ಅವನ ಹೆಂಡತಿ ನಮ್ಮ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತ ದಿನಾ ಸಮುದ್ರದ ವರ್ಣನೆ ಮಾಡುತ್ತಿದ್ದಳು. ಅವ್ವ ಕೇಳಿ ಕೇಳಿ ಹಣ್ಣಾಗಿದ್ದಳು. ಆ ವರ್ಷ ಅಪ್ಪ ಹೊರಟಾಗ, ಅವಳು ಮದುವೆಯಾದಾಗಿನಿಂದ ಮೊದಲ ಸಲ ಬಾಯಿಬಿಟ್ಟು ಒಂದು ಕೇಳಿದಳು.

"ನಾನೂ ಬರತೀನ್ರಿ. ಒಂದ್ ಸಲ ಸಮುದ್ರ ನೋಡಬೇಕು."

ಅಪ್ಪ ಹೂಂ ಅಂದ. ಲಾಡ್ಜಿನಲ್ಲೇ ಎಲ್ಲರೂ ಇರಬಹುದು ಅಂದ. ಅಷ್ಟಕ್ಕೇ ಮುಗಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಒಳಗಿನಿಂದ ಆಯಿಯ ದನಿ ಬಂತು.

"ಹೆಣಮಕ್ಕಳಿಗಿ ಕರ್ಕೊಂಡು ಹೋಗಿ ಲಾಡ್ಜಿನ್ಯಾಗ ಇಡ್ತಿ? ಯಾರ್ಯಾರದೋ ಕೈದು ಉಣ್ಣಸ್ತಿ? ಒಂದು ಖೋಲಿ ಹಿಡಿಯಪ್ಪ. ನಾನೂ ಬರತೀನಿ. ನಮ್ಮ ಒಲಿ, ನಮ್ಮ ರೊಟ್ಟಿ."

ಅಪ್ಪನ ಮುಖ ಅರಳಿತು. ಬಟ್ಟೆ ಮಾರುಕಟ್ಟೆಯ ದಲಾಲನೊಬ್ಬನಿಗೆ ಕಾಗದ ಬರೆದ. ಗಿರಗಾಂವದ ಒಂದು ಚಾಳದಲ್ಲಿ ಯಾರದೋ ಸಂಸಾರ ಬೇಸಿಗೆಗೆಂದು ಊರಿಗೆ ಹೋಗಿತ್ತು. ಅವರ ಎರಡು ಖೋಲಿಯ ಮನೆ ನಮಗೆ ಎಂಟು ದಿನಕ್ಕೆ ಸಿಕ್ಕಿತು. ಅಲ್ಲಿಂದ ಸಮುದ್ರ ಹತ್ತು ನಿಮಿಷದ ದಾರಿ ಎಂದು ದಲಾಲ ಬರೆದಿದ್ದ. ಆ ಸಾಲನ್ನು ಅವ್ವ ನನ್ನಿಂದ ಎರಡು ಸಲ ಓದಿಸಿದಳು.

ಹೊರಡುವ ದಿನ ನಮ್ಮ ಸಾಮಾನು ನೋಡಿದ ಸೊಲ್ಲಾಪುರ ಸ್ಟೇಷನ್ನಿನ ಬಸ್ಸಿನವನು ನಾವು ಊರು ಬಿಟ್ಟು ಹೋಗುತ್ತಿದ್ದೇವೆಂದೇ ತಿಳಿದ. ಜೋಳದ ಹಿಟ್ಟಿನ ಚೀಲ, ತೊಗರಿಬೇಳೆ, ಖಾರದ ಡಬ್ಬಿ, ಶೇಂಗಾ ಹಿಂಡಿ, ಹಂಚು, ಹಿಟ್ಟು ನಾದುವ ಕೊಣಮಿಗೆ. ಇಷ್ಟು ಸಾಲದೆಂದು ಆಯಿ ಖಾರ ಕುಟ್ಟುವ ಕಲ್ಲನ್ನೂ ಸೀರೆಯಲ್ಲಿ ಸುತ್ತಿ ತಂದಿದ್ದಳು. ನಾಕಾದಲ್ಲಿ ಜವಾನ ಆ ಗಂಟನ್ನು ಎತ್ತಲಾರದೆ ಎತ್ತಿ, ಬಂಗಾರದ ಗಟ್ಟಿಯೇ ಸಿಕ್ಕಿತೆಂಬ ಉಮೇದಿನಲ್ಲಿ ಬಿಚ್ಚಿ ನೋಡಿದ.

"ಮುಂಬಯಿದಾಗ ಕಲ್ಲ ಇಲ್ಲೇನಬೇ?" ಎಂದು ಕೇಳಿದ.

"ಇರತಾವಪ್ಪ. ಅವು ಏನೇನು ಕುಟ್ಯಾವೋ, ಯಾರಿಗಿ ಗೊತ್ತು?" ಅಂದಳು ಆಯಿ.

ಗಿರಗಾಂವದ ಮನೆ ಚೆನ್ನಾಗಿತ್ತು. ಉದ್ದನೆಯ ಪಡಸಾಲೆ, ಸಾಲಾಗಿ ಬಾಗಿಲುಗಳು, ಎಲ್ಲರಿಗೂ ಒಂದೇ ನಳ. ಗಾಳಿಯಲ್ಲಿ ಒಂದು ಬಗೆಯ ಉಪ್ಪಿನ ವಾಸನೆ. ಅವ್ವ ಕಿಟಕಿಯ ಹತ್ತಿರ ನಿಂತು ಅದನ್ನು ಮೂಸಿದಳು. ಮುಖ ತೊಳೆದು ಹೊಸ ಸೀರೆ ಉಟ್ಟುಕೊಂಡು ಸಮುದ್ರಕ್ಕೆ ಹೋಗೋಣವೆಂದು ನನ್ನ ಜಡೆಯನ್ನೂ ಹಾಕಿದಳು. ಆಗ ಆಯಿ ನೆಲದ ಮೇಲೆ ಗಟ್ಟಿಯಾಗಿ ಕೂತು ಅಪ್ಪನಿಗೆ ಹೇಳಿದಳು:

"ಅಯ್ಯನವರ ಪಾದ ಬೀಳಲಾರದ ಮನ್ಯಾಗ ಒಲಿ ಹೆಂಗ ಹಚ್ಚೂದು?"

ನಮ್ಮಲ್ಲಿ ಹೊಸ ಮನೆ ಹೊಕ್ಕರೆ ಮೊದಲು ಹಾಲುಕ್ಕಿಸಿ, ಜಂಗಮರನ್ನು ಕರೆದು ಪಾದ ತೊಳೆದು ಉಣ್ಣಿಸಿ, ಆಮೇಲೆ ಮನೆಯವರು ಉಣ್ಣಬೇಕು. ಅಪ್ಪ ತಲೆ ಕೆರೆದುಕೊಂಡ. "ಎಂಟು ದಿನದ ಬಾಡಿಗಿ ಖೋಲಿಗಿ ಎಲ್ಲಿ ಗೃಹಪ್ರವೇಶ ಯವ್ವಾ?" ಅಂದ. ಎಂಟು ದಿನವಾದರೇನು, ಎಂಟು ತಾಸಾದರೇನು, ಒಲೆ ಒಲೆಯೇ ಎಂದು ಆಯಿ ಕದಲಲಿಲ್ಲ. ಅಪ್ಪ ಬಿಸಿಲಲ್ಲಿ ಅಲೆದು, ಬಟ್ಟೆ ಗಿರಣಿಗಳ ಕಡೆಯಿಂದ ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಯ್ಯನವರನ್ನು ಹಿಡಿದು ತಂದ. ಅವರು ನಮ್ಮ ಉದಗೀರ ಕಡೆಯವರೇ. ಗಿರಣಿಯಲ್ಲಿ ಪಹರೆಯ ಕೆಲಸದಲ್ಲಿದ್ದು ಆರು ವರ್ಷವಾಗಿತ್ತಂತೆ. ಅವ್ವ ಹೊಸ ಸೀರೆ ಬಿಚ್ಚಿಟ್ಟು, ಇದ್ದಿಲಿನ ಸಿಗಡಿಯ ಹೊಗೆಯಲ್ಲಿ ಕೆಮ್ಮುತ್ತ ರೊಟ್ಟಿ ಬಡಿದಳು. ಅಯ್ಯನವರು ಮೊದಲ ತುತ್ತಿಗೆ ಕಣ್ಣು ಮುಚ್ಚಿದರು. ಏಳನೆಯ ರೊಟ್ಟಿಗೆ ತೆರೆದರು.

"ತಾಯಿ, ಆರು ವರ್ಷ ಆಯ್ತು ಇಂಥಾ ರೊಟ್ಟಿ ಉಂಡು," ಅಂದರು. ಅವರ ಕಣ್ಣಲ್ಲಿ ನೀರಿತ್ತು. ಸಮುದ್ರ ನಾಳೆಗೆ ಹೋಯಿತು.

ಒಳ್ಳೆಯ ಮನುಷ್ಯರು ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದಿಲ್ಲ. ಉಮರ್ಗಾದ ಅರಿವೆ ಅಂಗಡಿಯವರು ಗಿರಗಾಂವದಲ್ಲಿ ಮನೆ ಮಾಡಿದ್ದಾರೆ, ಬಿಳಿ ಜೋಳದ ರೊಟ್ಟಿ ಸಿಗುತ್ತದೆ ಎಂದು ಅಯ್ಯನವರು ತಮ್ಮ ಗಿರಣಿಯಲ್ಲೆಲ್ಲ ಹೇಳಿದರು. ಮರುದಿನ ಅವರ ಹಿಂದೆ ಇಬ್ಬರು ಬಂದರು, ಲೋಹಾರಾದವರು. ಅದರ ಮರುದಿನ ಐವರು. ನಾಲ್ಕನೆಯ ದಿನ ಬಂದವನೊಬ್ಬ ಅವ್ವನಿಗೆ ತವರಿನವನಂತೆ. ನಿಲಂಗಾದಲ್ಲಿ ಅವಳ ಮನೆಯ ಹಿಂದಿನ ಓಣಿಯಲ್ಲಿ ಅವನ ಸೋದರತ್ತೆಯಿದ್ದಳಂತೆ. ಅವನು ತಮ್ಮನ ಅಧಿಕಾರದಿಂದ ಒಳಗೇ ಬಂದು ಸಿಗಡಿಯ ಮುಂದೆ ಕೂತು ಬಿಸಿ ಬಿಸಿ ರೊಟ್ಟಿಯನ್ನು ಹಂಚಿನಿಂದಲೇ ಎತ್ತಿಕೊಂಡು ತಿಂದ.

ಅಪ್ಪನನ್ನಂತೂ ಕೇಳುವುದೇ ಬೇಡ. ಉಮರ್ಗಾದ ಅಂಗಡಿಯಲ್ಲಿ ಮೂರು ಮಾತಿಗೆ ಒಂದು ಮಾತಾಡುವವನು, ಇಲ್ಲಿ ಬೇರೆಯವರ ಪಲ್ಲಂಗದ ಮೇಲೆ ಲೋಡಿಗೆ ಒರಗಿ ದೇಶಮುಖರ ಠೀವಿಯಲ್ಲಿ "ಇನ್ನೊಂದು ಹಾಕು, ಇನ್ನೊಂದು ಹಾಕು" ಎನ್ನುತ್ತಿದ್ದ. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಮನ್ಯಾಗ ಉಂಡಂಗ ಆಯ್ತು ನೋಡ್ರಿ." ಆ ಮಾತು ಕೇಳಿದಾಗೆಲ್ಲ ಅಪ್ಪ ಉಬ್ಬುತ್ತಿದ್ದ. ನಾನು ಪಾತ್ರೆ ತಿಕ್ಕಲು ನಳದ ಮುಂದೆ ಸರದಿಯಲ್ಲಿ ನಿಲ್ಲುತ್ತಿದ್ದೆ. ಆಯಿ ಬೇಳೆ ಆರಿಸುತ್ತಿದ್ದಳು. ಅವ್ವ ಬಡಿಯುತ್ತಲೇ ಇದ್ದಳು. ಹಿಟ್ಟು ಮುಗಿದು ಅಯ್ಯನವರೇ ಎಲ್ಲಿಂದಲೋ ಜೋಳ ಬೀಸಿಸಿ ತಂದುಕೊಟ್ಟರು. ಪಾಪ, ಉಪಕಾರ ಮಾಡುವ ಮನಸ್ಸು ಅವರದು. ನನಗೆ ಮಾತ್ರ ಆ ಚೀಲವನ್ನು ಮೂರನೆಯ ಮಾಳಿಗೆಯಿಂದ ಕೆಳಗೆ ಚೆಲ್ಲಬೇಕೆನಿಸಿತ್ತು.

"ಸಮುದ್ರಕ್ಕ ಯಾವಾಗ್ರಿ?" ಎಂದು ಅವ್ವ ದಿನಕ್ಕೊಮ್ಮೆ ಕೇಳುತ್ತಿದ್ದಳು.

"ನಾಳಿಗಿ ಹೋಗೂಣಂತ. ಅದೇನು ಓಡಿ ಹೋಗತದೇನು?" ಅನ್ನುತ್ತಿದ್ದ ಅಪ್ಪ.

ಪಕ್ಕದ ಮನೆಯ ಮರಾಠಿ ಹೆಂಗಸು, ಚಾಳದವರೆಲ್ಲ ಬಾಯಿ ಎಂದು ಕರೆಯುತ್ತಿದ್ದವಳು, ತನ್ನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಆರನೆಯ ದಿನ ನನ್ನನ್ನು ಕರೆದು, ನೀವು ಇಲ್ಲಿ ಖಾನಾವಳಿ ತೆರೆದಿದ್ದೀರೇನು ಎಂದು ಕೇಳಿದಳು. ಕುಚೋದ್ಯವಲ್ಲ, ನಿಜವಾಗಿಯೂ ಕೇಳಿದ್ದು. ತನ್ನ ಮೈದುನನಿಗೂ ಎರಡು ಹೊತ್ತಿನ ಊಟದ ವ್ಯವಸ್ಥೆ ಬೇಕಾಗಿತ್ತಂತೆ.

ಏಳನೆಯ ದಿನ ಸಂಜೆ ಅಪ್ಪ ಮಾರುಕಟ್ಟೆಯಿಂದ ಖುಷಿಯಲ್ಲಿ ಬಂದ. ಖರೀದಿಯೆಲ್ಲ ಮುಗಿದಿತ್ತು. ಮರುದಿನ ಸಂಜೆ ನಮ್ಮ ರೈಲು. "ನಾಳಿ ಮಧ್ಯಾಹ್ನಕ್ಕ ಅಯ್ಯನವರು, ಮತ್ತ ಉದಗೀರದವರು ನಾಕು ಮಂದಿ ಬರತಾರ. ಕಡೀ ದಿನ ಅದ, ಹೋಳಿಗಿ ಮಾಡಿಬಿಡು," ಅಂದ.

ಅವ್ವ ಹೂರಣಕ್ಕೆ ಬೇಳೆ ಅಳೆದಿಟ್ಟಳು. ಅವಳು ಸಮುದ್ರದ ಆಸೆ ಬಿಟ್ಟಳೆಂದು ನಾನು ತಿಳಿದೆ. ನನಗೆ ಅಳು ಬಂತು, ಅವಳ ಮೇಲೇ ಸಿಟ್ಟೂ ಬಂತು.

ಬೆಳಿಗ್ಗೆ ಅಪ್ಪ ಅರಿವೆ ಗಂಟುಗಳನ್ನು ಸ್ಟೇಷನ್ನಿಗೆ ಹಾಕಿಸಲು ಹೋದ. ಅವ್ವ ಜಳಕ, ಲಿಂಗಪೂಜೆ ಮುಗಿಸಿದಳು. ಸಿಗಡಿಗೆ ಇದ್ದಿಲು ಹಾಕಲಿಲ್ಲ. ಮೊದಲ ದಿನ ಬಿಚ್ಚಿಟ್ಟ ಹೊಸ ಸೀರೆಯನ್ನು ಉಟ್ಟು ಬಂದು ನಿಂತಳು.

"ಅತ್ತಿ, ನಾ ಸಮುದ್ರಕ್ಕ ಹೊಂಟೀನಿ."

"ಬರೋ ಮಂದಿ?"

"ಬರಲಿ. ಬಾಗಲದ ಮುಂದ ಕೂಡಲಿ."

ಈಗ ಆಕಾಶವೇ ಕಳಚಿ ಬೀಳುತ್ತದೆಂದು ನಾನು ಕಾದೆ. ಆಯಿ ಮುಂದಿದ್ದ ಬೇಳೆಯ ಮೊರವನ್ನು ಒಮ್ಮೆ ನೋಡಿದಳು, ಸೊಸೆಯನ್ನು ಒಮ್ಮೆ ನೋಡಿದಳು. ಆಮೇಲೆ ಮೊಣಕಾಲು ಹಿಡಿದು ಎದ್ದಳು.

"ನೀ ಒಬ್ಬಾಕೀನೇ ಹೋಗ್ತಿ? ನನಗೇನು ಕಣ್ಣಿಲ್ಲೇನು? ನಡಿ, ಅಂವಾ ಬರೂದ್ರಾಗ ಹೋಗೂಣು."

ಕೀಲಿಯನ್ನು ಪಕ್ಕದ ಬಾಯಿಗೆ ಕೊಟ್ಟು, ಯಾರು ಕೇಳಿದರೂ ಸಮುದ್ರಕ್ಕೆ ಹೋಗಿದ್ದಾರೆಂದು ಹೇಳಲು ತಿಳಿಸಿದೆವು. ಅವಳು ಖುಷಿಯಿಂದ ಬೀದಿಯ ತನಕ ಇಳಿದು ಬಂದು ದಾರಿ ತೋರಿಸಿದಳು.

ಸಮುದ್ರ ನಿಜವಾಗಿಯೂ ಹತ್ತು ನಿಮಿಷದ ದಾರಿ. ಏಳು ದಿನ ಅದು ಅಲ್ಲೇ ಇತ್ತು! ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲ ತನಕ ಸೀರೆ ನೆನೆಸಿಕೊಂಡು ಸುಮ್ಮನೆ ನಿಂತಳು. ಎಷ್ಟು ಹೊತ್ತೋ ತಿಳಿಯದು, ನಾನು ಕರೆದರೂ ತಿರುಗಲಿಲ್ಲ. ಆಯಿ ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು ಥೂ ಎಂದು ಉಗುಳಿದಳು. "ಇಷ್ಟು ನೀರಿದ್ದು ಏನು ಬಂತು, ಬ್ಯಾಳಿ ಬೇಸ್ಲಾಕ ಬರಲ್ಲ," ಅಂದಳು.

ಬಿಸಿಲೇರಿತು. ಯಾರೂ ಏನೂ ತಿಂದಿರಲಿಲ್ಲ. ನಾನು ಹಸಿವೆಯೆಂದು ರಾಗ ತೆಗೆದೆ. ರಸ್ತೆಯ ಆಚೆ ಒಂದು ಹೋಟೆಲಿತ್ತು. ಅವ್ವ ಅತ್ತೆಯ ಮುಖ ನೋಡಿದಳು. ಆಯಿ ಹೊಸ್ತಿಲ ಹೊರಗೇ ನಿಂತು, ಒಳಗಿದ್ದ ಮಾಣಿಯನ್ನು ಕರೆದು ವಿಚಾರಣೆ ಶುರುಮಾಡಿದಳು. ಅವಳ ಮುರುಕು ಮರಾಠಿ ಕೇಳಿ ಆ ನಡುವಯಸ್ಸಿನ ಮನುಷ್ಯ ಕನ್ನಡದಲ್ಲೇ ಉತ್ತರ ಕೊಟ್ಟ. ಅವನು ಉಡುಪಿ ಕಡೆಯವನು. ಮಾಂಸ ಮೊಟ್ಟೆ ಒಳಗೆ ಬರುವುದಿಲ್ಲ, ಅಡುಗೆಯವರು ಮಿಂದೇ ಒಲೆ ಮುಟ್ಟುತ್ತಾರೆ ಎಂದು ಪ್ರಮಾಣ ಮಾಡಿ ಹೇಳಿದ ಮೇಲೆ ಆಯಿ ಬಲಗಾಲಿಟ್ಟು ಒಳಗೆ ಬಂದಳು.

ಅವನು ಇಡ್ಲಿಯ ತಟ್ಟೆಗಳನ್ನು ತಂದಾಗ ಅವ್ವ ತಟ್ಟನೆ ಎದ್ದು ಅವನ ಕೈಯಿಂದ ತೆಗೆದುಕೊಂಡು ನಮಗಿಬ್ಬರಿಗೂ ಬಡಿಸಿದಳು. ಚಟ್ನಿ ತಂದಾಗ ಮತ್ತೆ ಎದ್ದಳು. ನೀರು ತಂದಾಗಲೂ ಎದ್ದಳು.

"ನೀವು ಕೂತುಕೊಳ್ಳಿ ಅಮ್ಮಾ, ಇದು ನನ್ನ ಕೆಲಸ ಅಲ್ಲವಾ?" ಎಂದು ಅವನು ನಕ್ಕ. "ಇನ್ನೇನು ಬೇಕು?"

"ಹುಡುಗಿಗಿ ಕೊಡ್ರಿ," ಅಂದಳು.

"ಕೊಟ್ಟೆ."

"ನಮ್ಮ ಅತ್ತಿಗಿ..."

"ಅವರಿಗೂ ಕೊಟ್ಟಾಯ್ತು. ನಿಮಗೆ ಏನು ಬೇಕು?"

ಅವ್ವ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದಳು. ನನಗೆ ನಾಚಿಕೆಯಾಯಿತು, ಇಷ್ಟು ಸುಲಭದ ಪ್ರಶ್ನೆಗೆ ಇವಳಿಗೆ ಉತ್ತರ ಬರುವುದಿಲ್ಲವಲ್ಲ ಎಂದು. ಕಡೆಗೆ ಅವಳು ತಲೆಯೆತ್ತದೆ ಹೇಳಿದಳು:

"ಏನರ ಇರಲ್ರಿ. ಬಿಸೀದು ತರ್ರಿ."

ಆಗ ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ಎಲ್ಲರೂ ಉಣ್ಣುವುದು ಬಿಸಿ ರೊಟ್ಟಿ. ಅವ್ವ ಮಾತ್ರ ಕೊನೆಗೆ, ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದಳು. ಅವನು ಹೊಗೆಯಾಡುವ ದೋಸೆ ತಂದಿಟ್ಟ. ಅವಳು ಬೆರಳು ಸುಟ್ಟುಕೊಂಡು, ಊದಿ ಊದಿ, ಯಾರ ಕಡೆಗೂ ನೋಡದೆ ಪೂರ್ತಿ ತಿಂದಳು. ನಾನು ನನ್ನ ತಟ್ಟೆ ಮರೆತು ಅವಳನ್ನೇ ನೋಡುತ್ತಿದ್ದೆ. ಏಳು ದಿನ ಅವಳ ಕೈಯಿಂದ ಕಸಿದು ತಿಂದವರ ಸಾಲಿನಲ್ಲಿ ನಾನೂ ಇದ್ದೆ.

ಮರಳಿ ಬಂದಾಗ ಪಡಸಾಲೆಯಲ್ಲಿ ಅಯ್ಯನವರೂ ಉದಗೀರದ ನಾಲ್ವರೂ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಪಕ್ಕದ ಬಾಯಿ ಕೀಲಿಯನ್ನು ಅಪ್ಪನಿಗೂ ಕೊಟ್ಟಿರಲಿಲ್ಲ. ಅವನು ಕೆಂಪಗೆ ಕಾದ ಹಂಚಾಗಿದ್ದ.

"ಎಲ್ಲಿ ಹೋಗಿದ್ದಿ? ಹೋಳಿಗಿ?"

"ಸಮುದ್ರಕ್ಕ ಹೋಗಿದ್ದೆ," ಅಂದಳು ಅವ್ವ. "ಹೋಳಿಗಿ ಮಾಡಿಲ್ರಿ. ಸಮುದ್ರದ ಮುಂದ ರಸ್ತೇದ ಆ ಕಡಿ ಹೋಟೆಲ್ ಅದ. ಇವರಿಗಿ ಅಲ್ಲಿ ಕರ್ಕೊಂಡು ಹೋಗ್ರಿ. ದೋಸಿ ಬಿಸೀದು ಕೊಡತಾರ."

ಅಯ್ಯನವರು ಮೊದಲು ಎದ್ದು, ತಪ್ಪು ನಮ್ಮದು ತಾಯಿ ಎಂದು ಕೈ ಮುಗಿದರು. ಕಡೆಗೆ ಅಪ್ಪ ಸಹಾಯಕ್ಕಾಗಿ ತನ್ನ ತಾಯಿಯ ಕಡೆ ತಿರುಗಿದ.

"ಯವ್ವಾ, ನೀ ಏನರ ಹೇಳು. ನೀ ಹೊರಗಿಂದು ಉಣ್ಣಾಕಿ ಅಲ್ಲ. ಹಸಕೊಂಡೇ ಬಂದಿ?"

ಆಯಿ ಹೊಸ್ತಿಲ ಮೇಲೆ ಕೂತು ಕಾಲಿನ ಮರಳು ಕೊಡವಿಕೊಳ್ಳುತ್ತಿದ್ದಳು. ಸೊಸೆ ಬರುವ ತನಕ ಬುಟ್ಟಿಯ ತಳದ್ದನ್ನು ಉಂಡವಳು ಅವಳೂ.

"ನಾ ಬಿಸೀದು ಎರಡು ತಿಂದೀನಿ," ಅಂದಳು.