ಅಜಾಯಬ್‌ಖಾನೆಗೆ ಹೋದ ಕೂರಿಗೆ ಬಟ್ಟಲು

ನನ್ನ ಭಾವನ ಹೆಂಡತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಏನು ಪುರುಷಾರ್ಥ? ಅವಳು ನನಗಿಂತ ಚೆಲುವೆ ಎಂದಲ್ಲ. ಚೆಲುವಿನಲ್ಲಿ ನಾನೇ ಒಂದು ಕೈ ಮೇಲು ಎಂದು ನಮ್ಮ ಅತ್ತೆಯೇ ಒಪ್ಪಿದ್ದರು. ಮೈಮೇಲಿನ ಬಂಗಾರ ಇಬ್ಬರದೂ ಅಷ್ಟಕ್ಕಷ್ಟೆ. ನನಗೆ ಉರಿಯುತ್ತಿದ್ದುದು ಅವಳ ಬಲಗೈ ಕಂಡು.

ನಮ್ಮದು ಕಂಗ್ಟಿಗೆ ಹತ್ತಿರದ ಹಳ್ಳಿ, ನಿಜಾಮರ ಆಳ್ವಿಕೆಯ ಕಾಲ. ಕರಿ ಹೊಲದಲ್ಲಿ ಜೋಳ, ನಡುನಡುವೆ ತೊಗರಿಯ ಸಾಲು. ಮಿರಗದ, ಅಂದರೆ ಮೃಗಶಿರಾ ಮಳೆ ಬಿದ್ದು ಹೊಲ ಹದಕ್ಕೆ ಬಂತೆಂದರೆ ಗಂಡಸರು ಎತ್ತು ಹೂಡಿ ಕೂರಿಗೆ ನಡೆಸುವರು. ಆದರೆ ಕೂರಿಗೆಯ ಮೇಲಿನ ಕಟ್ಟಿಗೆ ಬಟ್ಟಲಿಗೆ ಬೀಜ ಬಿಡುವವಳು ಮನೆಯ ಹೆಂಗಸು. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಬಟ್ಟಲಿನ ಅಂಚಿಗೆ ಮುಂಗೈ ಆನಿಸಿ, ಬೆರಳ ಸಂದಿನಿಂದ ಕಾಳು ಬಿಡುತ್ತ ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಬಟ್ಟಲಿನ ತಳದಲ್ಲಿ ಮೂರು ತೂತು, ಅವಕ್ಕೆ ಮೂರು ಬಿದಿರಿನ ಕೊಳವೆ. ಮೂರರಲ್ಲೂ ಕಾಳು ಸಮನಾಗಿ ಇಳಿಯಬೇಕು. ಒಂದರಲ್ಲಿ ಹೆಚ್ಚು ಒಂದರಲ್ಲಿ ಕಡಿಮೆಯಾದರೆ, ಮೊಳಕೆ ಎದ್ದ ದಿನ ಊರಿಗೆ ಊರೇ ಬದುವಿನ ಮೇಲೆ ನಿಂತು ನೋಡಿ ಆಡಿಕೊಳ್ಳುತ್ತದೆ.

ಮೊದಲು ಆ ಕೆಲಸ ಅತ್ತೆಯದಾಗಿತ್ತು. ಅಕ್ಕ, ಅಂದರೆ ಭಾವನ ಹೆಂಡತಿ, ಸೊಸೆಯಾಗಿ ಬಂದ ವರ್ಷ ಅತ್ತೆ ಅವಳ ಉಡಿಗೆ ಬೀಜ ಸುರಿದರಂತೆ. ಅಂದಿನಿಂದ ನಮ್ಮ ಮನೆಯಲ್ಲಿ ಬಿತ್ತುವ ಕೈ ಅವಳದೇ. ಇನ್ನೊಂದು ಕಟ್ಟುಪಾಡೂ ಇತ್ತು: ಪೂಜೆ ಮಾಡಿ ಮೊದಲ ಮುಷ್ಟಿ ಬಿಟ್ಟ ಕೈಯೇ ಕಟ್ಟಕಡೆಯ ಹೊಲದ ಕಡೆಯ ಸಾಲಿನವರೆಗೆ ನಡೆಯಬೇಕು. ನಡುವೆ ಕೈ ಬದಲಿಸುವಂತಿಲ್ಲ. ನಾನು ಆ ಮನೆಗೆ ಬಂದು ಏಳು ಮಿರಗ ಕಳೆದರೂ ನನ್ನ ಪಾಲಿಗೆ ಬಂದದ್ದು ಬುತ್ತಿ ಹೊರುವ ಕೆಲಸ. ತಲೆಯ ಮೇಲೆ ರೊಟ್ಟಿ ಗಂಟು, ಕೈಯಲ್ಲಿ ಮಜ್ಜಿಗೆ ಚರಿಗೆ ಹಿಡಿದು ಬದುವಿಗೆ ಬಂದರೆ, ಅಕ್ಕ ಎತ್ತಿನ ಹಿಂದೆ ರಾಣಿಯ ಹಾಗೆ ನಡೆದು ಹೋಗುತ್ತಿರುವಳು. ಹಾದಿಯಲ್ಲಿ ಹೋಗುವವರು ನಿಂತು, "ಏನ್ ಕೈರಿ ಅದು, ದಾರ ಹಿಡಿದು ಬಿತ್ತಿದಂಗ ಅದ" ಎನ್ನುವರು. ರೊಟ್ಟಿ ಹೇಗಿದೆ ಎಂದು ಯಾರೂ ಕೇಳಲಿಲ್ಲ.

ಅಂಥದರಲ್ಲಿ ನಾರಾಯಣಖೇಡದ ದೇಶಮುಖರ ತಮ್ಮನಿಗೆ ಒಂದು ಹುಚ್ಚು ಹಿಡಿಯಿತು. ಹೈದರಾಬಾದಿನಲ್ಲಿ ಕೆಲವು ವರ್ಷ ಇದ್ದು ಬಂದವರು. ಅಲ್ಲಿ ಅಜಾಯಬ್‌ಖಾನೆ, ಅಂದರೆ ಹಳೆಯ ಸಾಮಾನು ಜೋಡಿಸಿ ಜನರಿಗೆ ತೋರಿಸುವ ಮನೆ, ನೋಡಿದ್ದರಂತೆ. ರಾಜರ ಕತ್ತಿ, ಪಿಂಗಾಣಿ ಇಟ್ಟರೆ ಜನ ನೋಡುತ್ತಾರಲ್ಲ, ರೈತನ ಕುಂಟೆ, ಕುರುಬನ ಕಂಬಳಿ ಯಾಕೆ ನೋಡಬಾರದು ಎಂದು ತಮ್ಮ ವಾಡೆಯ ಹಳೆಯ ಕಣಜದ ಕೋಣೆ ಖಾಲಿ ಮಾಡಿಸಿದರು. ದೀಪಾವಳಿ ಕಳೆದ ಮೇಲೆ ಅವರ ಮುನ್ಶಿ ಗಾಡಿ ಕಟ್ಟಿಕೊಂಡು ಸಿರ್ಗಾಪುರ, ಕಂಗ್ಟಿ ಕಡೆಯ ಊರುಗಳನ್ನು ಸುತ್ತತೊಡಗಿದರು. ಬಿಳಿ ಗಡ್ಡದ ಮುದುಕರು, ಮಾತು ಮೆತ್ತಗೆ. ನಮ್ಮ ಬಾಗಿಲಿಗೆ ಬಂದ ದಿನ ಅತ್ತೆ ಮಠಕ್ಕೆ ಹೋಗಿದ್ದರು, ಅಕ್ಕ ಹೊಲದಲ್ಲಿದ್ದಳು.

"ಹಳೀ ಸಾಮಾನ ಏನರ ಅದ ಏನ್ ತಾಯಿ? ಹಳೀದು ಇದ್ದಷ್ಟು ನಮ್ಮ ಸರ್ಕಾರ್‌ಗೆ ಖುಷಿ" ಎಂದರು.

ನನ್ನ ಕಣ್ಣು ಗೋಡೆಯ ಗೂಟಕ್ಕೆ ಹೋಯಿತು. ಅಲ್ಲಿ ಆ ಬಟ್ಟಲು ತೂಗುತ್ತಿತ್ತು. ಎಣ್ಣೆ ಕುಡಿದು ಕಪ್ಪಾಗಿತ್ತು, ಅಂಚಿನಲ್ಲಿ ಒಂದು ಕಡೆ ಬಳೆ ಉಜ್ಜಿ ಉಜ್ಜಿ ಕಚ್ಚು ಬಿದ್ದಿತ್ತು. ಅತ್ತೆಯ ಅತ್ತೆಯ ಕಾಲದ್ದು. ಈ ಬಟ್ಟಲು ಹೋದರೆ ಬಡಿಗ ಹೊಸದು ಮಾಡಿಕೊಡುತ್ತಾನೆ, ಹೊಸ ಬಟ್ಟಲಲ್ಲಿ ಅಕ್ಕನ ಕೈ ಹೇಗೆ ಓಡುತ್ತದೋ ನೋಡೋಣ ಎಂದು ನನ್ನ ಮನಸ್ಸು ಹೇಳಿತು. ಗೂಟದಿಂದ ಇಳಿಸಿ ಮುನ್ಶಿಯ ಕೈಗಿಟ್ಟೆ. ಸುಮ್ಮನೆ ಕೊಟ್ಟಿದ್ದರೆ ಆಗುತ್ತಿತ್ತು. ಬಾಯಿ ಸುಮ್ಮನಿರಬೇಕಲ್ಲ!

"ಒಯ್ರಿ ಸಾಹೇಬರ. ಇದು ನಮ್ಮಕ್ಕನ ಬಟ್ಟಲಾ, ಮನೀ ಹಿರೀ ಸೊಸೀದು. ಬ್ಯಾರೆದವರ ಕೈ ಇದಕ ಹತ್ತಾಂಗಿಲ್ಲ" ಎಂದು ಮೂತಿ ತಿರುವಿದೆ. ಮುನ್ಶಿ ತಲೆಯಾಡಿಸಿ ಕಾಗದದಲ್ಲಿ ಏನೋ ಬರೆದುಕೊಂಡರು.

ಸಂಜೆ ಅತ್ತೆ ನನ್ನನ್ನು ಬೈದ ಬೈಗುಳವನ್ನು ಇಲ್ಲಿ ಬರೆಯುವುದು ಬೇಡ. ಅಕ್ಕ ಕೈಕಾಲು ತೊಳೆದು ಬಂದು ಖಾಲಿ ಗೂಟವನ್ನು ಸ್ವಲ್ಪ ಹೊತ್ತು ನೋಡಿದಳು. "ಕೊಟ್ಟಿ? ಛಲೋ ಆತು ಬಿಡು" ಎಂದಷ್ಟೇ ಹೇಳಿ ಒಲೆ ಮುಂದೆ ಕುಳಿತಳು. ಎಷ್ಟು ಸೊಕ್ಕು ಇವಳಿಗೆ, ಬಟ್ಟಲು ಹೋದರೂ ಕೈ ಇದೆಯಲ್ಲ ಎಂಬ ಸೊಕ್ಕು ಎಂದುಕೊಂಡೆ.

ಮಾಘದಲ್ಲಿ ಅಜಾಯಬ್‌ಖಾನೆ ತೆರೆದರು. ನೋಡಲಿಕ್ಕೆ ನಾವು ಮೂವರೂ ಹೆಂಗಸರು ಬೆಳಗಿನ ಚಳಿಯಲ್ಲೇ ಗಾಡಿ ಕಟ್ಟಿಸಿಕೊಂಡು ಹೋದೆವು. ವಾಡೆಯ ಅಂಗಳದಲ್ಲಿ ಚಪ್ಪಲಿ ಬಿಟ್ಟು ಕೋಣೆಯೊಳಗೆ ಕಾಲಿಟ್ಟರೆ ಹಳೆಯ ಜೋಳದ ವಾಸನೆ ಇನ್ನೂ ಹೋಗಿರಲಿಲ್ಲ. ಗೋಡೆಗೆ ಕುಂಟೆ, ನೊಗ, ಬಾರುಕೋಲು ಒರಗಿಸಿದ್ದರು. ಇನ್ನೊಂದು ಬದಿಗೆ ಕುರುಬರ ಸಾಮಾನು: ಉಣ್ಣೆ ಕತ್ತರಿಸುವ ಕತ್ತರಿ, ನೂಲುವ ಕದಿರು, ಟಗರಿನ ಕೊರಳ ಗಂಟೆ, ಒಂದು ಕರಿ ಕಂಬಳಿ. ಎಲ್ಲದರ ಮುಂದೂ ಉರ್ದುವಿನಲ್ಲಿ ಬರೆದ ಚೀಟಿ. ನಮ್ಮಂಥವರಿಗೆ ಮುನ್ಶಿಯೇ ಓದಿ ಹೇಳಬೇಕು.

ಕಂಬಳಿಯ ಮುಂದೆ ಒಬ್ಬ ಕುರುಬರ ಮುದುಕ ಕುಳಿತಿದ್ದ, ಏಳುವ ಲಕ್ಷಣವೇ ಇರಲಿಲ್ಲ. "ಸಾಹೇಬರ, ಕೊಟ್ಟಾಗ ಥಂಡಿ ಇನ್ನಾ ಹತ್ತಿದ್ದಿಲ್ಲ, ಗೊತ್ತಾಗ್ಲಿಲ್ಲ. ಈಗ ಥಂಡಿ ಬಾಳ ಅದ. ಹೋಳಿ ಆದ ಮ್ಯಾಲೆ ಮತ್ತ ತಂದು ಇಡ್ತೀನಿ" ಎನ್ನುತ್ತಿದ್ದ. ಮುನ್ಶಿ ನಕ್ಕು ಕಂಬಳಿ ಇಳಿಸಿ ಅವನ ಹೆಗಲಿಗೆ ಹಾಕಿದರು. ಅವನು ಹೊದ್ದುಕೊಂಡು ಹೊರಟೇ ಹೋದ. ಗೋಡೆಯ ಮೇಲೆ ಚೀಟಿ ಮಾತ್ರ ಉಳಿಯಿತು. ನಮ್ಮ ಅತ್ತೆ ನಕ್ಕ ನಗು ಈಗಲೂ ಕಿವಿಯಲ್ಲಿದೆ.

ನನ್ನ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಕೋಣೆಯ ನಟ್ಟನಡುವೆ ಒಂದು ಮೇಜು, ಮೇಜಿನ ಮೇಲೆ ಕೆಂಪು ಮಕಮಲ್ಲು, ಅದರ ಮೇಲೆ ನಮ್ಮ ಬಟ್ಟಲು! ಸುತ್ತ ಜನ. ಮುನ್ಶಿ ಚೀಟಿ ಓದಿದರು: "ಈ ಬಟ್ಟಲಾ ಮನೀ ಹಿರೀ ಸೊಸೀದು. ಬ್ಯಾರೆದವರ ಕೈ ಇದಕ ಹತ್ತಾಂಗಿಲ್ಲ." ನಾನು ಹೊಟ್ಟೆಕಿಚ್ಚಿಗೆ ಆಡಿದ ಮಾತನ್ನೇ ಅವರು ದೇವರ ವಚನದಂತೆ ಬರೆಸಿ ಇಟ್ಟಿದ್ದರು. ಹಿರಿಯ ಸೊಸೆ ಇವಳೇ ಎಂದು ಅತ್ತೆ ಅಕ್ಕನನ್ನು ಮುಂದೆ ತಳ್ಳಿದ್ದೇ ತಡ, ಹೆಂಗಸರು ಮುತ್ತಿಕೊಂಡರು. ಒಬ್ಬಳು ಅವಳ ಬಲಗೈ ಹಿಡಿದು ಬಟ್ಟಲಿನ ಕಚ್ಚಿಗೆ ಇಡಿಸಿ ನೋಡಿದಳು. ಸರಿಯಾಗಿ ಕೂತಿತು. ಎಲ್ಲರೂ "ಅಬಬಾ" ಎಂದರು. ನಾನು ಟಗರಿನ ಗಂಟೆಯ ಹತ್ತಿರ ನಿಂತು ಹಲ್ಲು ಕಡಿದೆ. ನನ್ನ ಕೈಯಾರೆ ಅವಳನ್ನು ಮಕಮಲ್ಲಿನ ಮೇಲೆ ಕೂರಿಸಿದ್ದೆ. ಮನೆಗೆ ಮರಳುವ ಹಾದಿಯುದ್ದಕ್ಕೂ ನನಗೆ ಅಳು ಬರುತ್ತಿತ್ತು, ಧೂಳು ಕಣ್ಣಿಗೆ ಬಿತ್ತು ಎಂದು ಸುಳ್ಳು ಹೇಳಿದೆ.

ಮಿರಗ ಬಂತು. ಬಡಿಗ ಜಾಲಿ ಕಟ್ಟಿಗೆಯಲ್ಲಿ ಹೊಸ ಬಟ್ಟಲು ಕೆತ್ತಿಕೊಟ್ಟಿದ್ದ. ಕೂರಿಗೆಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಅತ್ತೆ ಬೀಜದ ಮೊರ ಹಿಡಿದು ಅಕ್ಕನ ಮುಂದೆ ನಿಂತರು. ಅಕ್ಕ ಉಡಿ ಒಡ್ಡಲಿಲ್ಲ.

"ಆ ಬಟ್ಟಲಾ ಹೋತು ಅತ್ತಿ, ಅದರ ಕೂಡ ನನ್ನ ಕೈನೂ ಹೋತು. ಹೊಸಾದಕ ಹೊಸಾ ಕೈ ಹತ್ತಲಿ. ತಂಗೀ, ನೀ ಬಾ."

ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಉಡಿ ಒಡ್ಡಿಯಾಗಿತ್ತು. ಅವಳ ಮನಸ್ಸು ಬದಲಾದರೆ ಎಂಬ ಭಯ ನನಗೆ. ಮೊದಲ ಮುಷ್ಟಿ ನಾನೇ ಬಿಟ್ಟೆ. ನಾಲ್ಕು ಸಾಲು ಸೊಗಸಾಗಿ ಹೋಯಿತು. ಐದನೆಯದರಲ್ಲಿ ಬದುವಿನ ಮೇಲಿದ್ದ ಅಕ್ಕ ಕೂಗಿ ಎತ್ತು ನಿಲ್ಲಿಸಿದಳು.

"ನಡುವಿನ ಕೊಳವಿ ಕಟ್ಟ್ಯದ. ಕಣ್ಣಿಲೆ ನೋಡಬ್ಯಾಡ, ಕಿವಿಲೆ ಕೇಳು. ಮೂರರಾಗೂ ಕಾಳು ಇಳಿಯೋ ಸಪ್ಪಳ ಬರಬೇಕು. ಸಪ್ಪಳ ಸಣ್ಣ ಆತಂದ್ರ ಮಣ್ಣು ಹತ್ತ್ಯದ ಅಂತ ತಿಳಿ."

ಭಾವ ಕೂರಿಗೆ ಎತ್ತಿ ಕೊಳವೆಯ ಬಾಯಿಯ ಮಣ್ಣು ತೆಗೆದರು. ಅಕ್ಕ ತಾನೇ ಬಗ್ಗಿ, ಬಿಟ್ಟುಹೋದ ಸಾಲಿಗೆ ಕೈಯಿಂದ ಕಾಳು ಊರಿ ಬಂದಳು. ಬದುವಿನ ಮೇಲೆ ನಿಂತೇ ನನ್ನ ಕೊಳವೆಯ ಸಪ್ಪಳ ಅವಳಿಗೆ ಕೇಳಿತಲ್ಲ! ಆ ಕಿವಿಯೂ ನನಗೆ ಬೇಕೆನಿಸಿತು.

ಮರುದಿನ ಹೊಲಕ್ಕೆ ಹೊರಡುವಾಗ ನೋಡಿದರೆ, ಅಂಗಳದಲ್ಲಿ ಅಕ್ಕನ ತಮ್ಮ ಬಂದು ಕೂತಿದ್ದ. ಅಕ್ಕ ಹಸಿರು ಇಳಕಲ್ಲು ಸೀರೆ ಉಟ್ಟು ಗಂಟು ಕಟ್ಟಿಕೊಂಡಿದ್ದಳು. ಅವಳ ತವರು ತಾಂಡೂರಿನ ಹತ್ತಿರ, ಪೆದ್ದೆಮುಲ್ ಕಡೆ. ಜಹೀರಾಬಾದಿನ ತನಕ ಗಾಡಿ, ಅಲ್ಲಿಂದ ರೈಲು, ವಿಕಾರಾಬಾದಿನಲ್ಲಿ ಇಳಿದು ಇನ್ನೊಂದು ರೈಲು. ನಾನು ಅಲ್ಲಿಯ ತನಕ ರೈಲಿನ ಹೊಗೆಯನ್ನು ಕೂಡ ಹತ್ತಿರದಿಂದ ಕಂಡವಳಲ್ಲ.

"ಬಿತ್ತೋ ದಿನದಾಗ ತವರಿಗಿ ಯಾಕ ಹೊಂಟಿ?" ಎಂದೆ. ದನಿಯಲ್ಲಿ ಉರಿ ಇದ್ದದ್ದು ಅವಳಿಗೂ ಕೇಳಿರಬೇಕು.

ಅವಳು ಗಂಟು ಕೆಳಗಿಟ್ಟಳು. "ನಮ್ಮವ್ವ ಸತ್ತಿದ್ದು ಮಿರಗದಾಗ, ನೀ ಈ ಮನೀಗಿ ಬರೋ ಮೊದಲು. ಭಾಳ ಜಡ್ಡು ಅದ, ಬಾ ಅಂತ ಸುದ್ದಿ ಬಂದಾಗ ನಾ ಮೊದಲನೇ ಮುಷ್ಟಿ ಬಿಟ್ಟಾಗಿತ್ತು. ಕೈ ಬದಲಿ ಮಾಡಾಂಗಿಲ್ಲ ಅಂದ್ರು. ಎಲ್ಲಾ ಹೊಲ ಮುಗಿಸಿ ಹೋಗೋದ್ರಾಗ ಮಣ್ಣು ಮಾಡಿ ಎಷ್ಟೋ ದಿನ ಆಗಿತ್ತು. ಮುಖ ಸಿಗಲಿಲ್ಲ. ವರ್ಷಾ ವರ್ಷಾ ಅವ್ವ ಸತ್ತ ದಿನದ ಆರಾಧನಿನೂ ಇದೇ ದಿನದಾಗ ಬರ್ತದ. ಒಂದಕ್ಕೂ ಹೋಗಿಲ್ಲ. ನೀ ಬಟ್ಟಲಾ ಕೊಟ್ಟ ದಿನ ನಂಗ ಮೈಮ್ಯಾಲಿನ ಭಾರ ಇಳದಂಗ ಆತು ತಂಗಿ."

ಭಾವ ಎತ್ತು ಹೂಡಿ ಕೂಗುತ್ತಿದ್ದರು. ನಾನು ಉಡಿಗೆ ಬೀಜ ಕಟ್ಟಿಕೊಂಡು ಓಡಿದೆ. ಹದಿನೈದು ದಿನ ನಡೆದೆ. ಮುಂಗೈ ಬಾತುಕೊಂಡಿತು, ಹಿಮ್ಮಡಿ ಒಡೆಯಿತು. ಹಾದಿಯವರು ನಿಂತು "ಸಣ್ಣ ಸೊಸೀ ಕೈನೂ ಛಲೋ ಅದ" ಎಂದರು. ಏಳು ವರ್ಷ ಕಾದಿದ್ದ ಮಾತು ಅದು. ಕೇಳಿದ ಕ್ಷಣ ಸಿಹಿಯಾಗಿಯೇ ಇತ್ತು, ಆದರೆ ಸಾಲು ತಿರುಗುವುದರೊಳಗೆ, ಈಗ ಅಕ್ಕ ತವರಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಾಳೆ ಎಂದು ನೆನಪಾಯಿತು. ಮತ್ತೆ ಹೊಟ್ಟೆಕಿಚ್ಚು. ಅವಳು ಬಿತ್ತುವಾಗಲೂ ಉರಿ, ಬಿಟ್ಟು ಹೋದರೂ ಉರಿ. ನನ್ನ ಹಣೆಬರಹವೇ ಅಷ್ಟು.

ಮರುವರ್ಷ ಬಿತ್ತನೆಗೆ ಎಂಟು ದಿನ ಇರುವಾಗ ನಾರಾಯಣಖೇಡದ ಸಂತೆಗೆ ಹೋದವಳು ಒಬ್ಬಳೇ ಅಜಾಯಬ್‌ಖಾನೆಗೆ ನುಗ್ಗಿದೆ. ಕುರುಬರ ಮುದುಕನ ಕಂಬಳಿ ಹೋಳಿ ಹಬ್ಬ ಕಳೆದ ಮೇಲೆ ಮರಳಿ ಬಂದು ಗೋಡೆಯ ಮೇಲಿತ್ತು. ಅದನ್ನು ನೋಡಿಯೇ ನನಗೆ ಧೈರ್ಯ. ಹಳೆಯ ಬಟ್ಟಲು ಮನೆಗೆ ಬಂದರೆ ಹಳೆಯ ಕೈಯೂ ಅದರ ಹಿಂದೆ ಬರಲೇಬೇಕು. ಅತ್ತೆ ಬಿಡುವವರಲ್ಲ. ಮೊದಲ ಮುಷ್ಟಿಯನ್ನು ಅಕ್ಕ ಬಿಡಲಿ, ನಾನು ನನ್ನ ತವರಿಗೆ ಹೋಗಿ ಕಾಲು ಚಾಚುತ್ತೇನೆ.

"ಸಾಹೇಬರ, ಆ ಬಟ್ಟಲಾ ವಾಪಸ್ ಬೇಕ್ರಿ. ಬಿತ್ತೋದು ಮುಗಿದ ಮ್ಯಾಲೆ ತಂದು ಇಡ್ತೀನಿ" ಎಂದೆ.

ಮುನ್ಶಿ ಎದ್ದು ಬಂದರು. ಮಕಮಲ್ಲಿನಿಂದ ಎತ್ತಿ, ಹೆಗಲಿನ ವಸ್ತ್ರದಿಂದ ಒರೆಸಿ ನನ್ನ ಕೈಗೆ ಕೊಟ್ಟರು. ಸುತ್ತ ಬೇರೆ ಯಾರೂ ಇರಲಿಲ್ಲ. ಅಂಚಿನ ಕಚ್ಚಿಗೆ ನನ್ನ ಮುಂಗೈ ಇಟ್ಟು ನೋಡಿದೆ. ನನ್ನ ಕೈಯೂ ಸರಿಯಾಗಿ ಕೂತಿತು. ಯಾರ ಕೈ ಇಟ್ಟರೂ ಕೂರುವಂಥ ಕಚ್ಚು ಅದು. ತಾಯಿಗೆ ಜಡ್ಡು ಎಂಬ ಸುದ್ದಿ ಬಂದ ದಿನ ಅಕ್ಕ ಇದರಲ್ಲೇ ಕೈ ಇಟ್ಟು ಉಳಿದ ಹೊಲವನ್ನೆಲ್ಲ ನಡೆದಿದ್ದಾಳೆ. ಮೂರು ಕೊಳವೆಯ ಸಪ್ಪಳ ಕೇಳುತ್ತ ಒಂದು ಸಾಲೂ ತಪ್ಪಿಸದೆ ನಡೆದಿದ್ದಾಳೆ.

ನಾನು ಸಂತೆಗೆ ಹೊರಟಾಗ ಮನೆಯಲ್ಲಿ ಅವಳು ತವರಿಗೆ ಹೋಗಲೆಂದು ಆಗಲೇ ಹಸಿರು ಸೀರೆ ಒಗೆದು ಹರವಿದ್ದಳು.

"ಬ್ಯಾಡ ಬಿಡ್ರಿ, ಇಲ್ಲೇ ಇರ್ಲಿ" ಎಂದು ಬಟ್ಟಲನ್ನು ಮಕಮಲ್ಲಿನ ಮೇಲೆ ಇಟ್ಟೆ. ಅದಕ್ಕಾದರೂ ದುಡಿತ ತಪ್ಪಿತಲ್ಲ ಎಂದು ಆ ಕಟ್ಟಿಗೆಯ ಮೇಲೂ ಹೊಟ್ಟೆಕಿಚ್ಚಾಯಿತು.

ಅಕ್ಕ ಹೊರಟ ದಿನ ಅವಳ ಬುತ್ತಿ ನಾನೇ ಕಟ್ಟಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಗಾಡಿ ಹತ್ತುವಾಗ ಹೇಳಿದೆ: "ರೈಲಿನ್ಯಾಗ ಕಿಟಕಿ ಬಾಜು ಕೂಡು ಅಕ್ಕ. ಏನೇನು ಕಂಡಿ ಅಂತ ಬಂದು ನಂಗ ಎಲ್ಲಾ ಹೇಳಬೇಕು."

ಬಂದ ಮೇಲೆ ಎಲ್ಲ ಹೇಳಿದಳು. ಅವ್ವನ ಸಮಾಧಿಗೆ ಹೂವೇರಿಸಿದ್ದು, ವಿಕಾರಾಬಾದಿನ ಗುಡ್ಡ, ರೈಲು ತಿರುಗುವಾಗ ಮುಂದಿನ ಡಬ್ಬಿ ಕಾಣುವುದು. ನಾನು ಬಾತ ಮುಂಗೈಗೆ ಅರಿಸಿನ ಹಚ್ಚಿಕೊಳ್ಳುತ್ತ ಒಂದನ್ನೂ ಬಿಡದೆ ಕೇಳಿದೆ, ಹೊಟ್ಟೆ ಉರಿಯುತ್ತಲೇ ಇತ್ತು.