ಮೊಣಕಾಲುದ್ದ ನೀರಿನಲ್ಲಿ ಮುಳುಗಿದವಳು

ನಾನು ಓದಲು ಹೋಗುವುದು ಅಮೆರಿಕಕ್ಕೆ ಎಂದು ಎಷ್ಟು ಸಲ ಹೇಳಿದರೂ ಅಜ್ಜಿ ಮಾತ್ರ ಕಂಡವರಿಗೆಲ್ಲ, “ನಮ್ಮ ಪುಳ್ಳಿ ಲಂಡನ್ನಿಗೆ ಹೋಗ್ತಾಳೆ” ಎಂದೇ ಹೇಳುತ್ತಿದ್ದರು. ಅವರ ಪ್ರಕಾರ ಓದಲು ಹೋಗುವ ಪರದೇಶವೆಂದರೆ ಲಂಡನ್ನು, ಉಳಿದವೆಲ್ಲ ದುಡಿಯಲು ಹೋಗುವ ಜಾಗಗಳು. ಅವರು ಹೇಳಿದ್ದು ಪೂರ್ತಿ ತಪ್ಪೂ ಆಗಿರಲಿಲ್ಲ. ನಾನು ಮೊದಲು ಅರ್ಜಿ ಹಾಕಿದ್ದು ಇಂಗ್ಲೆಂಡಿಗೇ. ಅಲ್ಲಿನವರು ಬಹಳ ಸಭ್ಯವಾದ ಇಂಗ್ಲಿಷಿನಲ್ಲಿ ನನ್ನನ್ನು ಬೇಡವೆಂದರು. ಸಿಯಾಟಲಿನ ಒಬ್ಬ ಪ್ರೊಫೆಸರಮ್ಮ ಮಾತ್ರ, ವಿಡಿಯೊ ಕಾಲಿನಲ್ಲಿ ಒಮ್ಮೆ ಮಾತಾಡೋಣ ಎಂದರು. ಮುಂದಿನ ಎಲ್ಲ ಫಜೀತಿಗೂ ಮೂಲ ಆ ಕಾಲು.

ಮಂಗಳೂರಿನಲ್ಲಿ ನಾನು ಕಲಿತದ್ದು ಮೀನಿನ ಶಾಸ್ತ್ರ. ಹಾಗೆಂದ ಕೂಡಲೇ ಜನ ನನ್ನನ್ನು ದೋಣಿಯ ಮೇಲೆ ನಿಲ್ಲಿಸಿಬಿಡುತ್ತಾರೆ. ನಿಜ ಹೇಳಬೇಕೆಂದರೆ ನನ್ನ ಮೀನುಗಳೆಲ್ಲ ಬಾಟಲಿಯವು. ಮೀನಿನ ತಲೆಯೊಳಗೆ ಅಕ್ಕಿಯ ನುಚ್ಚಿನಷ್ಟು ಚಿಕ್ಕದೊಂದು ಕಲ್ಲು ಇರುತ್ತದೆ, ಕಿವಿಯ ಕಲ್ಲು. ಕಡಿದ ಮರದಲ್ಲಿ ಕಾಣುವ ಉಂಗುರಗಳಂತೆ ಅದರಲ್ಲಿಯೂ ಉಂಗುರಗಳು. ಅವುಗಳನ್ನು ನೋಡಿ ಮೀನಿನ ವಯಸ್ಸು ಹೇಳುವುದು ನನ್ನ ವಿದ್ಯೆ. ಕಲ್ಲನ್ನು ತೆಗೆದು, ತೊಳೆದು, ಒಣಗಿಸಿ ತಂದುಕೊಡಲು ಬೇರೆಯವರಿದ್ದರು. ನಮ್ಮದು ಸಸ್ಯಾಹಾರಿ ಮನೆ. ಮೀನಿನ ಬುಟ್ಟಿಯವಳು ಓಣಿಗೆ ಬಂದರೆ ಅಮ್ಮ ಕಿಟಕಿ ಹಾಕುತ್ತಿದ್ದಳು. ನಾನು ಮೀನನ್ನು ಕೈಯಲ್ಲಿ ಮುಟ್ಟದೆಯೇ ಮೀನಿನಲ್ಲಿ ಮೊದಲ ದರ್ಜೆ ಪಡೆದವಳು.

ಆದರೆ ಪ್ರೊಫೆಸರಮ್ಮ “ಮೀನೇ ಏಕೆ?” ಎಂದು ಕೇಳಿದಾಗ ನನಗೆ ಏನಾಯಿತೋ. “ನಾನು ಕರಾವಳಿಯವಳು. ಸಮುದ್ರ ನನ್ನ ರಕ್ತದಲ್ಲಿದೆ” ಎಂದುಬಿಟ್ಟೆ. ಹೇಳುವಾಗ ದನಿ ಸ್ವಲ್ಪ ನಡುಗಿತು ಕೂಡ. ಅಷ್ಟು ಚೆನ್ನಾಗಿ ಬಂದಿತ್ತು. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅಲ್ಲಿಗೆ ಸೀಟು ಸಿಕ್ಕಿತು.

ಉಳಿಯಲು ವ್ಯವಸ್ಥೆ ಮಾಡಿದ್ದು ಅಮ್ಮ. ಅವಳ ಕಾಲೇಜಿನ ಗೆಳತಿಯ ಅಕ್ಕ, ನನಗೆ ಆಂಟಿ, ಮಂಗಳೂರಿನ ಕ್ರಿಶ್ಚಿಯನ್ ಮನೆತನದವರು, ಡುವಾಲ್‌ನಲ್ಲಿದ್ದರು. “ಸಿಯಾಟಲ್ ಅಲ್ಲೇ ಹತ್ರವಂತೆ” ಎಂದಳು ಅಮ್ಮ. ಅಮ್ಮನಿಗೆ ಅದನ್ನು ಹೇಳಿದವರು ಕಾರಿನಲ್ಲಿ ಓಡಾಡುವವರು. ಡುವಾಲ್‌ನಲ್ಲಿ ಎತ್ತ ನೋಡಿದರೂ ಹೊಲ, ಹಸು, ಮಂಜು. ಆಂಟಿಯ ಗಂಡ ಅಂಕಲ್ ಬೆಳಿಗ್ಗೆ ರೆಡ್ಮಂಡಿನ ಆಫೀಸಿಗೆ ಹೋಗುವಾಗ ನನ್ನನ್ನು ಬಸ್ಸಿಗೆ ಬಿಡುತ್ತಿದ್ದರು. ಅವರು ಮಿತಭಾಷಿ. ಆ ಮನೆಯಲ್ಲಿ ಮಾತಿನ ಖಾತೆ ಪೂರ್ತಿಯಾಗಿ ಆಂಟಿಯದು. ಮಕ್ಕಳು ಓದಿ ಬೇರೆ ಊರು ಸೇರಿದ್ದರಿಂದ ಆಂಟಿಗೆ ಕೇಳುವ ಕಿವಿ ಬೇಕಿತ್ತು, ನನಗೆ ಕುಚ್ಚಲಕ್ಕಿ ಗಂಜಿ ಬೇಕಿತ್ತು. ಹೊಂದಿಕೆಯಾಯಿತು.

ಪ್ರೊಫೆಸರಮ್ಮನ ಬಳಿ ಆ ವರ್ಷ ಇಬ್ಬರು ಹೊಸಬರು. ನಾನು, ಮತ್ತು ಅರಿಜೋನಾದ ಮರುಭೂಮಿಯಿಂದ ಬಂದ ಒಬ್ಬ ಹುಡುಗ. ಅವನು ಈಜಿನಲ್ಲಿ ಪದಕ ಪಡೆದವನೆಂದು ಆಮೇಲೆ ತಿಳಿಯಿತು. ಕೆಲಸ ಎರಡು ಬಗೆಯದು. ಒಬ್ಬರು ಬೆಚ್ಚಗಿನ ಲ್ಯಾಬಿನಲ್ಲಿ ಕುಳಿತು ಕಿವಿಯ ಕಲ್ಲು ನೋಡಬೇಕು. ಇನ್ನೊಬ್ಬರು ಸ್ನೊಕ್ವಾಲ್ಮಿ ಕಣಿವೆಯ ತೋಡುಗಳಲ್ಲಿ, ಎಂದರೆ ಸಣ್ಣ ಹಳ್ಳಗಳಲ್ಲಿ, ಇಳಿದು, ಮೊಟ್ಟೆಯಿಡಲು ಸಮುದ್ರದಿಂದ ಹತ್ತಿ ಬರುವ ಸಾಲ್ಮನ್ ಮೀನುಗಳನ್ನು ಎಣಿಸಬೇಕು. ಸಾಲ್ಮನ್ ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ಸತ್ತವನ್ನೂ ಎಣಿಸಬೇಕು, ತಲೆ ಸೀಳಿ ಕಲ್ಲು ತೆಗೆಯಬೇಕು, ಮತ್ತೊಮ್ಮೆ ಲೆಕ್ಕಕ್ಕೆ ಬರದಂತೆ ಬಾಲ ಕತ್ತರಿಸಬೇಕು. 

“ಲ್ಯಾಬಿನಲ್ಲಿ ಕೂರಿಸಿದರೆ ನಿನಗೆ ಉಸಿರುಕಟ್ಟಬಹುದು. ನೀನು ನೀರಿನ ಜೀವ. ಈಜು ಬರುತ್ತದೆಯೇ ಎಂದು ನಿನ್ನನ್ನು ಕೇಳಬೇಕಾಗಿಯೂ ಇಲ್ಲ” ಎಂದರು ಪ್ರೊಫೆಸರಮ್ಮ, ನನಗೆ ದೊಡ್ಡ ಉಪಕಾರ ಮಾಡುವವರಂತೆ.

ನಾನು ನಕ್ಕೆ. ನಗು ಸುಳ್ಳಲ್ಲ ತಾನೇ? ಮೈಕ್ರೋಸ್ಕೋಪಿನ ಮುಂದೆ ಮರುಭೂಮಿಯ ಈಜುಗಾರ ಕುಳಿತ.

ನನ್ನ ಜೊತೆಗೆ ಹಾಕಿದ್ದು ನನಗಿಂತ ಹಿರಿಯ ವಿದ್ಯಾರ್ಥಿನಿಯೊಬ್ಬಳನ್ನು. ಮೊಂಟಾನಾದ ಕಡೆಯವಳು, ಎತ್ತರದ ಗಟ್ಟಿ ಆಳು. ಬಾಯಿ ಬಿಟ್ಟರೆ ಚಳಿ ಒಳಗೆ ಹೋಗುತ್ತದೆ ಎಂಬಂತೆ ಮಾತಾಡುತ್ತಿದ್ದಳು. ಮೊದಲ ದಿನ ತೋಡಿನ ಬದಿಯಲ್ಲಿ ಟ್ರಕ್ಕು ನಿಲ್ಲಿಸಿ ನನಗೊಂದು ವೇಡರ್ಸ್ ಕೊಟ್ಟಳು. ಪಾದದಿಂದ ಎದೆಯವರೆಗೆ ಬರುವ ರಬ್ಬರಿನ ಪ್ಯಾಂಟು ಅದು, ಹೆಗಲಿಗೆ ಪಟ್ಟಿ, ಸೊಂಟಕ್ಕೆ ಬೆಲ್ಟು. “ಬೆಲ್ಟು ಬಿಗಿಯಾಗಿ ಕಟ್ಟು” ಎಂದಳು. ಆ ಬೆಳಿಗ್ಗೆ ಆಂಟಿ, “ಹೊಳೆಗೆ ಹೋಗುವವಳು, ಹೊಟ್ಟೆ ತುಂಬ ತಿನ್ನು” ಎಂದು ನೀರ್‌ದೋಸೆಯ ಮೇಲೆ ನೀರ್‌ದೋಸೆ ಹಾಕಿದ್ದರು. ಬೆಲ್ಟು ಹೊಟ್ಟೆಯನ್ನು ಒತ್ತುತ್ತಿತ್ತು. ಅವಳು ಆಚೆ ತಿರುಗಿದಾಗ ನಾನದನ್ನು ಸಡಿಲ ಮಾಡಿಕೊಂಡೆ.

ತೋಡಿಗೆ ಇಳಿದೆವು. ನೀರು ಎಷ್ಟು ತಣ್ಣಗಿತ್ತೆಂದರೆ ರಬ್ಬರಿನ ಮೂಲಕವೂ ಎಲುಬಿಗೆ ತಾಗಿತು. ಮೊದಲು ಸಿಕ್ಕಿದ್ದು ಸತ್ತ ಮೀನು, ನನ್ನ ತೋಳಿನಷ್ಟು ಉದ್ದ, ಮೈಮೇಲೆ ಬಿಳಿಯ ಬೂಷ್ಟು, ಕಣ್ಣಿನ ಜಾಗದಲ್ಲಿ ತೂತು. ಅವಳು ಅದನ್ನು ಹಲಸಿನಹಣ್ಣು ಎತ್ತಿದಂತೆ ಎತ್ತಿ ನನ್ನ ಮುಂದೆ ಹಿಡಿದಳು. “ತಲೆ ನೀನು ಸೀಳು.” ವಾಸನೆ ಮೂಗಿಗೆ ಬಡಿಯಿತು. ನಾನು ಒಂದು ಹೆಜ್ಜೆ ಹಿಂದೆ ಇಟ್ಟೆ. ಹಿಂದೆ ಇದ್ದದ್ದು ಪಾಚಿ ಹಿಡಿದ ಬಂಡೆ.

ಆಮೇಲಿನದು ನನಗೆ ನೆನಪಿರುವ ಪ್ರಕಾರ ಹೀಗೆ: ನಾನು ನದಿಯ ಪಾಲಾದೆ. ಆಕಾಶ ಕಂಡಿತು, ಆಲ್ಡರ್ ಮರಗಳು ಕಂಡವು, ಸಡಿಲ ಬೆಲ್ಟಿನೊಳಗಿಂದ ಹಿಮದಂಥ ನೀರು ನುಗ್ಗಿ ಕಾಲುಗಳು ಕಂಬಗಳಾದವು. ಅಷ್ಟು ವರ್ಷ ಕಲಿತ ಇಂಗ್ಲಿಷು ಒಮ್ಮೆಲೇ ಕೈಬಿಟ್ಟಿತು. “ಅಯ್ಯೋ ಅಮ್ಮಾ! ಮುಳುಗಿದೆ! ಯಾರಾದ್ರೂ ಬನ್ನಿ! ಸತ್ತೇ ಹೋದೆ!” ಎಂದು ಕಣಿವೆಯೆಲ್ಲ ಕೇಳುವಂತೆ ಅಚ್ಚ ಕನ್ನಡದಲ್ಲಿ ಕೂಗಿದೆ. ದಡದಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಮುದುಕನೊಬ್ಬ ನಿಂತ. ನಾಯಿ ಬೊಗಳಿತು.

ಮೊಂಟಾನಾದವಳು ಮೀನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನೋಡಿದಳು. ನಂತರ, “ಎದ್ದು ನಿಲ್ಲು” ಎಂದಳು.

ಎದ್ದು ನಿಂತೆ. ನೀರು ಮೊಣಕಾಲಿಗಿತ್ತು.

“ಆಂಬುಲೆನ್ಸ್ ಕರೀಬೇಕಾ?” ಎಂದು ಮುದುಕ ದಡದಿಂದ ಕೇಳಿದ. “ಬೇಡ. ಇವಳು ಹೊಸಬಳು” ಎಂದಳು ಅವಳು. ಅದೇ ಸಾಕಾದ ವಿವರಣೆ ಎಂಬಂತೆ ಮುದುಕ ತಲೆಯಾಡಿಸಿ, ಬೊಗಳುತ್ತಲೇ ಇದ್ದ ನಾಯಿಯನ್ನು ಎಳೆದುಕೊಂಡು ಹೋದ.

ಟ್ರಕ್ಕಿನಲ್ಲಿ ಹೀಟರ್ ಹಾಕಿ ಅವಳು ನನ್ನ ಕೈಗೆ ಕಾಫಿಯ ಫ್ಲಾಸ್ಕು ಕೊಟ್ಟಳು. ನಾನು ಕಂಬಳಿ ಸುತ್ತಿಕೊಂಡು ನಡುಗುತ್ತಿದ್ದೆ.

“ನಿನಗೆ ಈಜು ಬರುತ್ತದಾ?”

“ಇಲ್ಲ.”

“ಸಮುದ್ರದ ಹತ್ತಿರ ಬೆಳೆದವಳು ಅಂದರಲ್ಲ?”

“ಹತ್ತಿರ ಹೌದು. ಬಸ್ಸಿನಲ್ಲಿ ಹೋಗಬೇಕು.”

ಅವಳು ಸ್ಟಿಯರಿಂಗಿಗೆ ಹಣೆ ಹಚ್ಚಿ ನಗತೊಡಗಿದಳು. ನಾನು ಬಿಡದೆ ಹೇಳಿದೆ: ನೆಂಟರು ಬಂದರೆ ಎಲ್ಲರೂ ಕಡಲ ತೀರಕ್ಕೆ ಹೋಗುತ್ತಿದ್ದೆವು, ಚುರುಮುರಿ ತಿನ್ನುತ್ತಿದ್ದೆವು, ಅಲೆ ಪಾದ ತಾಗಿದ ಕೂಡಲೇ ಅಮ್ಮ “ಸಾಕು ಸಾಕು, ಹಿಂದೆ ಬಾ” ಎನ್ನುತ್ತಿದ್ದಳು. ನಕ್ಕು ನಕ್ಕು ಮೊಂಟಾನಾದವಳ ಕಣ್ಣಲ್ಲಿ ನೀರು ಬಂದಿತ್ತು. ನಗು ನಿಂತ ಮೇಲೆ ಮಾತ್ರ ಗಂಭೀರವಾಗಿ, “ಇದನ್ನು ಪ್ರೊಫೆಸರ್‌ಗೆ ಹೇಳಲೇಬೇಕು. ಮುಂದಿನ ತೋಡಿನಲ್ಲಿ ನೀರು ಮೊಣಕಾಲಿಗೇ ನಿಲ್ಲುವುದಿಲ್ಲ” ಎಂದಳು.

ಸಂಜೆ ಮನೆಗೆ ಬಂದಾಗ ಆಂಟಿ ಬಾಗಿಲು ತೆರೆದವರೇ ಸೆರಗಿಲ್ಲದ ಚೂಡಿದಾರದಲ್ಲಿ ಸೆರಗು ಹುಡುಕಿ, ಸಿಗದೆ, ಅಂಗೈಯಿಂದ ಮೂಗು ಮುಚ್ಚಿದರು. “ಎಂತ ಮಾರಾಯ್ತಿ ಇದು! ಮೀನು ತಿನ್ನುವ ನಮ್ಮ ಮನೆಗೆ ಮೀನು ತಿನ್ನದ ನೀನು ಈ ವಾಸನೆ ತಂದದ್ದಾ? ಒಳಗೆ ಬರಬೇಡ. ಗರಾಜಿಗೆ ಹೋಗು, ಬಟ್ಟೆ ಕೊಡ್ತೇನೆ.” ನಾನು ಗರಾಜಿನಲ್ಲಿ, ಅಂಕಲ್‌ನ ಹುಲ್ಲು ಕತ್ತರಿಸುವ ಮಿಷನ್ನಿನ ಪಕ್ಕದಲ್ಲಿ ನಿಂತು, ಬಾಗಿಲಿನಾಚೆ ಇದ್ದ ಆಂಟಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ಅವರು ನಗಲಿಲ್ಲ. “ನನಗೂ ಬರುದಿಲ್ಲ” ಎಂದರು.

“ಏನು?”

“ಈಜ್ಲಿಕ್ಕೆ. ಹೊಳೆ ಬದಿಯಲ್ಲೇ ಹುಟ್ಟಿದ್ದು ನಾನು. ತಮ್ಮಂದಿರನ್ನು ಅಪ್ಪ ಸೊಂಟಕ್ಕೆ ತೆಂಗಿನಕಾಯಿ ಕಟ್ಟಿ ನೀರಿಗೆ ಬಿಡ್ತಿದ್ರು. ನನ್ನ ಕೈಯಲ್ಲಿ ಅವರ ಟವೆಲ್ ಕೊಡ್ತಿದ್ರು, ಹಿಡ್ಕೊಂಡು ನಿಲ್ಲು ಅಂತ.”

ಮರುದಿನ ಪ್ರೊಫೆಸರಮ್ಮನ ಕೋಣೆಗೆ ಹೋದೆ. ನಿಜ ಕೇಳಿದ ಮೇಲೆ ನನ್ನನ್ನು ಲ್ಯಾಬಿಗೆ ಕಳಿಸುತ್ತಾರೆಂದು ಒಳಗೊಳಗೇ ಆಸೆ. ಅವರು ಎಲ್ಲ ಕೇಳಿಸಿಕೊಂಡರು. “ಹಾಗಾದರೆ ಆಳವಿಲ್ಲದ ತೋಡುಗಳಲ್ಲಿ ಮಾತ್ರ ಕೆಲಸ ಮಾಡು. ಲೈಫ್ ಜಾಕೆಟ್ ತೆಗೆಯಬೇಡ. ಈಜು ಕಲಿ” ಎಂದು ಮುಗಿಸಿ ಕಂಪ್ಯೂಟರಿನ ಕಡೆ ತಿರುಗಿದರು. ಆಮೇಲೆ ವಾರಗಟ್ಟಲೆ ನಾನು ಪಾದ ಮುಳುಗುವಷ್ಟು ನೀರಿನಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಓಡಾಡಿದೆ. ದಾರಿಹೋಕರು ಕಾರು ನಿಧಾನ ಮಾಡಿ ನೋಡುತ್ತಿದ್ದರು.

ಈಜು ಕಲಿಯಲು ಪಕ್ಕದ ಊರಿನ ಕೊಳದಲ್ಲಿ ಶನಿವಾರದ ಕ್ಲಾಸಿಗೆ ಸೇರಿದೆ. ಹೊರಡುವಾಗ ಆಂಟಿ ಒಂದು ಚೀಲ ಹಿಡಿದು ಕಾರಿನ ಪಕ್ಕದಲ್ಲಿ ನಿಂತಿದ್ದರು. “ನಾನೂ ಬರ್ತೇನೆ. ಅಂಕಲ್ಲಿಗೆ ಹೇಳಬೇಡ. ಅವರು ನಗಾಡ್ತಾರೆ.” ಮಣಿಕಟ್ಟಿನಿಂದ ಕಣಕಾಲಿನವರೆಗೆ ಮುಚ್ಚುವ ಕಪ್ಪು ಈಜುಡುಗೆಯನ್ನು ಇಬ್ಬರಿಗೂ ಅವರೇ ತಂದಿದ್ದರು. ಕನ್ನಡಿಯಲ್ಲಿ ನೋಡಿದರೆ ಒಂದು ಎಳೆಯ, ಒಂದು ಬೆಳೆದ ಕಡಲಸಿಂಹದ ಹಾಗೆ ಕಾಣುತ್ತಿದ್ದೆವು.

ಕಲಿಸುವವಳು ಸದಾ ಬಬಲ್‌ಗಮ್ ಅಗಿಯುವ ಹುಡುಗಿ. ಮೊದಲ ಪಾಠ, ಬೆನ್ನ ಮೇಲೆ ತೇಲುವುದು. “ಮೈ ಸಡಿಲ ಬಿಡಿ, ನೀರು ನಿಮ್ಮನ್ನು ಹಿಡಿದುಕೊಳ್ಳುತ್ತದೆ” ಎಂದಳು. ನಾನು ಮೀನು ಹೇಗೆ ತೇಲುತ್ತದೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದ ಚಿತ್ರ ಬರೆದು ಭಾಗಗಳನ್ನು ಗುರುತಿಸಿದವಳು. ಆ ಎಲ್ಲ ಜ್ಞಾನದೊಂದಿಗೆ ಕಬ್ಬಿಣದ ಒನಕೆಯ ಹಾಗೆ ತಳಕ್ಕೆ ಹೋದೆ. ಕೆಮ್ಮುತ್ತ ಮೇಲೆ ಬಂದು ನೋಡಿದರೆ, ಪಕ್ಕದಲ್ಲಿ ಆಂಟಿ ಕೈಕಾಲು ಚಾಚಿ, ಕಣ್ಣು ಮುಚ್ಚಿ ತೇಲುತ್ತಿದ್ದರು.

“ಆಂಟಿ, ಹೇಗೆ ಮಾಡಿದ್ರಿ?”

“ಮಾತಾಡಿಸಬೇಡ” ಎಂದರು ಆಂಟಿ, ಕಣ್ಣು ತೆರೆಯದೆ. “ನನಗೀಗ ಎಂತ ಕೆಲಸವೂ ಇಲ್ಲ.”

ಚಳಿಗಾಲ ಬರುವಷ್ಟರಲ್ಲಿ ಆಂಟಿ ಕೊಳದ ಈ ಬದಿಯಿಂದ ಆ ಬದಿಗೆ ಹೋಗಿ, ತಿರುಗಿ ಬಂದು, “ಬಾ ಮಾರಾಯ್ತಿ, ಎಷ್ಟು ಹೊತ್ತು?” ಎಂದು ನನ್ನನ್ನು ಕರೆಯುವಂತಾಗಿದ್ದರು. ನಾನು ಅಡ್ಡಗಲವನ್ನು ದಾಟುತ್ತಿದ್ದೆ, ನಾಯಿ ಈಜಿದಂತೆ, ತಲೆಯನ್ನು ಪೆರಿಸ್ಕೋಪಿನ ಹಾಗೆ ಎತ್ತಿ. ಹುಡುಗಿ ಅದನ್ನೂ ಈಜು ಎಂದೇ ಒಪ್ಪಿಕೊಂಡಳು. ಅಂಕಲ್ಲಿಗೆ ವಿಷಯ ಮೊದಲಿನಿಂದಲೂ ಗೊತ್ತಿತ್ತು. ಟವೆಲುಗಳನ್ನು ಡ್ರೈಯರಿಗೆ ಹಾಕುತ್ತಿದ್ದವರು ಅವರೇ.

ಆ ಹೊತ್ತಿಗೆ ಕೊಳೆತ ಮೀನಿನ ತಲೆ ಸೀಳುವುದು ನನಗೆ ಸೌತೆಕಾಯಿ ಹೆಚ್ಚಿದಷ್ಟು ಸಲೀಸಾಗಿತ್ತು. ಮೊದಲ ವಾರ ಮೂರು ಕಲ್ಲುಗಳಲ್ಲಿ ಎರಡನ್ನು ನೀರಿಗೆ ಬೀಳಿಸಿದ ಸಂಗತಿಯನ್ನು ಲ್ಯಾಬಿನ ಈಜುಗಾರ ಈಗಲೂ ಮರೆತಿಲ್ಲ. ಒಂದು ಭಾನುವಾರ ಆಂಟಿ, “ನೀನು ಅಲ್ಲಿ ಎಂತ ಮಾಡುದು ನೋಡಬೇಕು” ಎಂದರು. ಚರ್ಚಿನಿಂದ ನೇರವಾಗಿ, ಒಳ್ಳೆಯ ಕೋಟಿನಲ್ಲೇ ಬಂದು ತೋಡಿನ ಬದಿಯಲ್ಲಿ ಕೊಡೆ ಹಿಡಿದು ನಿಂತರು.

ಸತ್ತ ಮೀನುಗಳನ್ನು ನೋಡಿ ಅವರಿಗೆ ಮೊದಲು ಬಂದದ್ದು ಸಿಟ್ಟು. “ಇಷ್ಟು ದೊಡ್ಡ ದೊಡ್ಡ ಮೀನು! ಹೀಗೆ ಕೊಳೀಲಿಕ್ಕೆ ಬಿಡುದಾ? ಪಾಪ ತಾಗುದಿಲ್ವಾ?” ಇವು ಕೊಳೆತರೇ ಮರಿಗಳಿಗೆ ಆಹಾರ, ದಡದ ಮರಗಳಿಗೆ ಗೊಬ್ಬರ ಎಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆಗ ನಾನು ಬೆರಳು ತೋರಿಸಿದೆ. ಜಲ್ಲಿಯ ಮೇಲೆ ಒಂದು ಹೆಣ್ಣು ಸಾಲ್ಮನ್ ನೀರಿನ ಎದುರಿಗೆ ಮುಖ ಮಾಡಿ ನಿಂತಿತ್ತು. ಕಲ್ಲು ತೋಡಿ ತೋಡಿ ಬಾಲದ ಚರ್ಮ ಸವೆದು ಬೆಳ್ಳಗಾಗಿತ್ತು. ಮೊಟ್ಟೆ ಮುಚ್ಚಿ ಆಗಿತ್ತು, ಆದರೂ ಜಾಗ ಬಿಟ್ಟಿರಲಿಲ್ಲ. ನೀರು ಕೆಳಕ್ಕೆ ತಳ್ಳಿದಷ್ಟು ಸಲವೂ ಅದು ಮತ್ತೆ ಅಲ್ಲಿಗೇ ಬರುತ್ತಿತ್ತು.

“ಅವಳಿಗೆ ತಿನ್ಲಿಕ್ಕೆ?” ಎಂದರು ಆಂಟಿ.

“ಏನೂ ಇಲ್ಲ ಆಂಟಿ. ಹೊಳೆಗೆ ಬಂದ ಮೇಲೆ ತಿನ್ನುದೇ ಇಲ್ಲ.”

ಆಂಟಿ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಶಿಲುಬೆಯ ಗುರುತು ಮಾಡಿದರು. ಮನೆಗೆ ಬರುವವರೆಗೆ ಮಾತಾಡಲಿಲ್ಲ. ಅವರನ್ನು ಅಷ್ಟು ಹೊತ್ತು ಸುಮ್ಮನಿರಿಸಿದ್ದು ನನ್ನ ಸಂಶೋಧನೆಯ ಮುಖ್ಯ ಫಲಿತಾಂಶವೆಂದು ನಾನು ಇವತ್ತಿಗೂ ನಂಬಿದ್ದೇನೆ.

ಅಂಕಲ್ಲಿಗೆ ಪ್ರತಿ ಭಾನುವಾರವೂ ಆಗುತ್ತಿದ್ದ ಸಾಲ್ಮನ್ ಗಸಿ, ತೆಂಗಿನಕಾಯಿ ಮಸಾಲೆಯ ಗಟ್ಟಿ ಸಾರು, ಆ ಭಾನುವಾರ ಊಟಕ್ಕೆ ಇರಲಿಲ್ಲ. ಮುಂದಿನ ಭಾನುವಾರವೂ ಇರಲಿಲ್ಲ. ಬೇಳೆಸಾರು, ಪಡವಲಕಾಯಿ ಪಲ್ಯ. ಅಂಕಲ್ ತಟ್ಟೆಯನ್ನು ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು. ನಾನು ಅಪರಾಧಿಯ ಹಾಗೆ ತಲೆ ತಗ್ಗಿಸಿ ಇನ್ನೊಂದು ಸೌಟು ಪಲ್ಯ ಹಾಕಿಸಿಕೊಳ್ಳುತ್ತಿದ್ದೆ.

ಅದರ ಮುಂದಿನ ಭಾನುವಾರ ಊಟದ ಹೊತ್ತಿಗೆ ಮನೆಯೆಲ್ಲ ಮಸಾಲೆಯ ಘಮ. ಅಂಕಲ್ ತಟ್ಟೆಯಲ್ಲಿ ದೊಡ್ಡದೊಂದು ತುಂಡು.

ನಾನು ಆಂಟಿಯನ್ನು ನೋಡಿದೆ.

“ನೀನು ಹಾಗೆ ನೋಡಬೇಡ” ಎಂದರು ಆಂಟಿ, ಗಂಡನ ತಟ್ಟೆಗೆ ಇನ್ನಷ್ಟು ಗಸಿ ಬಡಿಸುತ್ತ. “ಇದು ಅಲಾಸ್ಕಾದ್ದು. ಈ ಮೀನಿನ ಮನೆಯವರು ನಮಗೆ ಪರಿಚಯ ಇಲ್ಲ.”